ತಡವಾಗಿ ಬಂದವರ ಡೈರಿ

ನಮ್ಮ ಶಾಲೆಯಲ್ಲಿ ಎಡವಟ್ಟು ಅಪರೂಪಕ್ಕೆ ಆಗೋದು ಅಂತ ಯಾರಾದರೂ ಅಂದರೆ ನಂಬಬೇಡಿ. ಸೋಮವಾರ ಒಂದಾದರೆ ಬುಧವಾರಕ್ಕೆ ಇನ್ನೊಂದು ತಯಾರಿರುತ್ತೆ. ನಾನು ಕೃಷ್ಣರಾಜಪುರದ ಒಂದು ಖಾಸಗಿ ಶಾಲೆಯಲ್ಲಿ ಏಳನೇ ಕ್ಲಾಸಿಗೆ ಕನ್ನಡ ಹೇಳಿಕೊಡೋಳು. ವಯಸ್ಸು ಐವತ್ತೆರಡು. ಟೆಂಪರರಿಯಾಗಿಯೇ ಮೂರು ವರ್ಷ ಆಗಿತ್ತು. ಹೋದ ವರ್ಷ ಹೆಡ್‌ಮಿಸ್ ಕರೆದು ಕೂರಿಸಿ ಹೇಳಿದರು: ಫೆಬ್ರವರಿಯಲ್ಲಿ ಆಡಳಿತ ಮಂಡಳಿಯ ಹಿರಿಯರೊಬ್ಬರು ಬಂದು ನನ್ನ ಒಂದು ಪಾಠ ನೋಡ್ತಾರೆ. ಒಪ್ಪಿದರೆ ಕಾಯಂ, ಇಲ್ಲದಿದ್ದರೆ ಜೂನ್‌ನಿಂದ ಬರೋದು ಬೇಡ. ಪಾಠವನ್ನೂ ಅವರೇ ಆರಿಸಿದ್ದರು. ವ್ಯಂಗ್ಯ. ಅಂದರೆ ಬಾಯಲ್ಲಿ ಒಂದು, ಮನಸ್ಸಲ್ಲಿ ಅದರ ಉಲ್ಟಾ. ಈ ವಯಸ್ಸಿನಲ್ಲಿ ಇನ್ನೊಂದು ಶಾಲೆಯ ಬಾಗಿಲು ತಟ್ಟೋ ಶಕ್ತಿ ನನ್ನ ಮಂಡಿಗಂತೂ ಇಲ್ಲ. ಹೇಗಾದರೂ ಮಾಡಿ ಮಕ್ಕಳ ತಲೆಗೆ ಇಳಿಸಲೇಬೇಕಿತ್ತು.

ತಂಪು ಗಾಳಿ

ಮೊದಲ ದಿನ ಪಾಠ ಶುರು ಮಾಡೋ ಹೊತ್ತಿಗೆ ಕರೆಂಟು ಹೋಗಿ ಫ್ಯಾನ್ ನಿಂತಿತು. ಉದಾಹರಣೆ ತಾನಾಗಿಯೇ ಸಿಕ್ಕಿತಲ್ಲ ಅಂತ ಸೆರಗಿನಲ್ಲಿ ಬೆವರು ಒರೆಸಿಕೊಂಡು, "ಆಹಾ, ಎಂಥ ತಂಪು ಗಾಳಿ" ಅಂದೆ. ಮುಂದಿನ ಬೆಂಚಿನ ಹುಡುಗಿ, ಪಾಪ, ಎದ್ದು ಹೋಗಿ ಕಿಟಕಿ ಮುಚ್ಚಿದಳು. ಮಿಸ್‌ಗೆ ಚಳಿಯಾಗ್ತಿದೆ ಅಂತ.

ಆ ಬಿಸಿಯಲ್ಲೇ ಅರ್ಧ ಗಂಟೆ ವಿವರಿಸಿದೆ. ಹಿಂದಿನ ಬೆಂಚಿನವನೊಬ್ಬ ಕೈ ಎತ್ತಿ, ಮನಸ್ಸಲ್ಲಿ ಇರೋದು ಬಿಟ್ಟು ಬೇರೆ ಹೇಳೋದು ಸುಳ್ಳಲ್ವಾ ಅಂತ ಕೇಳಿದ. ಸುಳ್ಳು ಹೇಳೋರಿಗೆ ಸಿಕ್ಕಿಬೀಳಬಾರದು ಅಂತಿರುತ್ತೆ, ವ್ಯಂಗ್ಯ ಆಡೋರಿಗೆ ಸಿಕ್ಕಿಬೀಳಬೇಕು ಅಂತಲೇ ಇರುತ್ತೆ ಅಂದೆ. ಉತ್ತರ ನನಗೇ ಮೆಚ್ಚಿಗೆಯಾಯ್ತು. ಅವನು ಕೂರೋ ಮುಂಚೆ ಹೇಳಿದ:

"ಹಾಗಾದ್ರೆ ಮಿಸ್, ನಾನು ಹೋಮ್‌ವರ್ಕ್ ಮಾಡ್ಕೊಂಡು ಬಂದಿದ್ದೀನಿ."

ಹನ್ನೆರಡು ವರ್ಷದ ಸಾರು

ಮನೆಯಲ್ಲಿ ಯಾರಾದರೂ ವ್ಯಂಗ್ಯವಾಗಿ ಆಡಿದ ಒಂದು ಮಾತನ್ನು ಬರೆದುಕೊಂಡು, ಅದರ ನಿಜವಾದ ಅರ್ಥವನ್ನೂ ಬರೆದು ತನ್ನಿ ಅಂತ ಹೋಮ್‌ವರ್ಕ್ ಕೊಟ್ಟೆ. ಅದು ನನ್ನ ಬುದ್ಧಿ. ಒಬ್ಬಳು ಬರೆದಿದ್ದಳು: ಅಜ್ಜಿ ಊಟಕ್ಕೆ ಕೂತಾಗ ಅಮ್ಮನಿಗೆ, ನಿನ್ನ ಥರ ಸಾರು ಮಾಡೋಕೆ ಈ ಏರಿಯಾದಲ್ಲಿ ಯಾರಿಗೂ ಬರಲ್ಲ ಬಿಡು ಅಂತಾರೆ. ನಿಜವಾದ ಅರ್ಥ: ಸಾರು ಚೆನ್ನಾಗಿಲ್ಲ. ನಾನು ಹತ್ತಕ್ಕೆ ಹತ್ತು ಕೊಟ್ಟೆ, ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಹಾಕಿದೆ. ಮಾರ್ಕ್ಸ್ ನೋಡೋಕೆ ಅಂತ ಅಮ್ಮ ನೋಟ್‌ಬುಕ್ ತೆರೆದರು.

ಎರಡನೇ ದಿನ ಅಜ್ಜಿ ಸ್ಟಾಫ್ ರೂಮಿಗೆ ಬಂದರು. ಕೂಗಾಡಲಿಲ್ಲ, ಜಗಳ ಆಡಲಿಲ್ಲ. ಕುರ್ಚಿ ಎಳೆದು ಕೂತು, ನನಗಿಂತ ಸುಸ್ತಾದ ದನಿಯಲ್ಲಿ ಹೇಳಿದರು. "ಹನ್ನೆರಡು ವರ್ಷದಿಂದ ಹೀಗೇ ಹೇಳ್ಕೊಂಡು ಬಂದಿದ್ದೀನಮ್ಮ. ಅವಳು ಖುಷಿಯಾಗಿದ್ಲು, ನಾನೂ ಆರಾಮಾಗಿದ್ದೆ. ನಿಮಗ್ಯಾರು ಹೇಳಿದ್ರು ಅರ್ಥ ಹೇಳಿಕೊಡಿ ಅಂತ?"

ಶೇಂಗಾ ಹೋಳಿಗೆ

ನಮ್ಮ ಶಾಲೆಯಲ್ಲಿ ತಡವಾಗಿ ಬಂದ ಮಕ್ಕಳ ಡೈರಿಯಲ್ಲಿ ಕ್ಲಾಸ್ ಟೀಚರ್ ಒಂದು ಸಾಲು ಬರೆಯಬೇಕು, ಮನೆಯಲ್ಲಿ ಅದಕ್ಕೆ ಸಹಿ ಹಾಕಿಸಿಕೊಂಡು ಬರಬೇಕು. ನನ್ನ ಕ್ಲಾಸಿನಲ್ಲಿ ಕಗ್ಗದಾಸಪುರದಿಂದ ಬರೋ ಒಬ್ಬ ಹುಡುಗಿ ಇದ್ದಳು. ಅಪ್ಪ ಕಲಬುರಗಿ ಕಡೆಯವರು, ಗಾರೆ ಕೆಲಸ. ಅಮ್ಮ ಬೆಳಗ್ಗೆ ಆರಕ್ಕೇ ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋಗೋರು. ನೀರು ಹಿಡಿದು, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಹುಡುಗಿ ಬರೋ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರೋದು. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಆಗ ಗೊತ್ತಿದ್ದದ್ದು ಇಷ್ಟೇ, ವಾರಕ್ಕೆ ಮೂರು ದಿನ ಒಂದೇ ಸಾಲು ಬರೆದು ಬರೆದು ಕೈ ನೋಯ್ತಿತ್ತು.

ಬೇಸತ್ತು ನಾನು ಶೈಲಿ ಬದಲಾಯಿಸಿದೆ. "ನಿಮ್ಮ ಮಗಳು ಇವತ್ತು ಊಟದ ಬೆಲ್ಲಿಗೆ ಮುಂಚೆಯೇ ಶಾಲೆಗೆ ಬಂದಿದ್ದಾಳೆ. ತುಂಬಾ ಸಂತೋಷ." ಇನ್ನೊಂದು ದಿನ, "ಎರಡನೇ ಪೀರಿಯಡ್‌ನಲ್ಲಿ ದರ್ಶನ ಕೊಟ್ಟಳು. ನಮ್ಮ ಪುಣ್ಯ." ದಿನಾ ಸಹಿ ಮಾತ್ರ ತಪ್ಪದೆ ಬರೋದು.

ಒಂದು ಶನಿವಾರ ಆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕೈಯಲ್ಲಿ ಶೇಂಗಾ ಹೋಳಿಗೆ ಡಬ್ಬಿ. ಅಕ್ಷರ ಕೂಡಿಸಿ ಕೂಡಿಸಿ ಡೈರಿಯನ್ನು ತಾವೇ ಓದಿದ್ದರಂತೆ. "ಮೇಡಂರೀ, ನಮ್ಮ ಮನ್ಯಾಗಿನೋರ ಬಗ್ಗೆ ಇಷ್ಟು ಛಲೋ ಯಾರೂ ಬರದಿಲ್ರೀ. ನೀವೇ ಮೊದಲ್ರೀ" ಅಂದರು. ಹುಡುಗಿ ಅವರ ಹಿಂದೆ ನಿಂತು ಗೋಡೆ ನೋಡ್ತಿದ್ದಳು. ನನಗೆ ನಾಚಿಕೆಯಾಯ್ತು. ಇದ್ದದ್ದು ಇದ್ದ ಹಾಗೆ ಹೇಳಬೇಕಿತ್ತು, ಆ ಮುಖ ನೋಡಿ ಡಬ್ಬಿ ತೆಗೆದುಕೊಂಡು ಥ್ಯಾಂಕ್ಸ್ ಅಂದುಬಿಟ್ಟೆ. ಅವರು ಹೋದ ಮೇಲೆ ಹುಡುಗಿಯನ್ನು ಕರೆದು, ನಿನಗೆ ಅರ್ಥ ಆಗಿರಲಿಲ್ಲವಾ ಅಂತ ಕೇಳಿದೆ.

"ಆಗಿತ್ತು ಮಿಸ್. ಅಪ್ಪ ಖುಷಿಯಾದ್ರು, ಸುಮ್ನಿದ್ದೆ."

ಆ ವರ್ಷ ವ್ಯಂಗ್ಯ ಅರ್ಥವಾದ ಮೊದಲ ವಿದ್ಯಾರ್ಥಿನಿ ಸಿಕ್ಕಿದ್ದಳು. ಹೋಳಿಗೆ ಬಹಳ ಚೆನ್ನಾಗಿತ್ತು, ಅದನ್ನು ನಿಜವಾಗಿಯೇ ಹೇಳ್ತಿದ್ದೀನಿ.

ಟಿನ್ ಫ್ಯಾಕ್ಟರಿ

ಫೆಬ್ರವರಿ ಬಂತು. ಹಿರಿಯರು ಪಾಠ ನೋಡೋಕೆ ಬರೋ ಹಿಂದಿನ ದಿನ ಆ ಹುಡುಗಿಗೆ ಕೈಮುಗಿಯೋದೊಂದು ಬಾಕಿ. ನಾಳೆ ಒಂದು ದಿನ ಬೇಗ ಬಾ ತಾಯಿ, ಪಾಠದ ಮಧ್ಯೆ ನೀನು ಬಾಗಿಲಲ್ಲಿ ನಿಂತರೆ ನನ್ನ ಕೆಲಸ ಹೋಗುತ್ತೆ ಅಂದೆ. ಅವಳು ತಲೆಯಾಡಿಸಿದಳು.

ಮಾರನೇ ದಿನ ನಾನು ಹಲಸೂರಿನಿಂದ ಮೆಟ್ರೋದಲ್ಲಿ ಸಲೀಸಾಗಿಯೇ ಬಂದೆ. ಕೈಯಲ್ಲಿ ದೊಡ್ಡ ಚಾರ್ಟು ಇದ್ದದ್ದಕ್ಕೆ ಸ್ಟೇಷನ್ನಿಂದ ಆಟೋ ಹತ್ತಿದೆ. ನಡೆದಿದ್ದರೆ ಮುಟ್ಟುತ್ತಿದ್ದೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು, ಲಾರಿ, ಟೆಂಪೋ ಎಲ್ಲ ಸೇರಿಕೊಂಡು ಆಟೋ ಅಲ್ಲಾಡಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಡ್ರೈವರ್‌ಗೂ ಬೇಜಾರಾಗಿ ಹಿಂದೆ ತಿರುಗಿ ನನ್ನ ತೊಡೆ ಮೇಲಿದ್ದ ಚಾರ್ಟ್ ಓದೋಕೆ ಶುರು ಮಾಡಿದರು. ದೊಡ್ಡ ಅಕ್ಷರದಲ್ಲಿ ನಾನೇ ಬರೆದ ಉದಾಹರಣೆ: ಹೊತ್ತಿಗೆ ಸರಿಯಾಗಿ ಬರಬೇಕು ಎಂದು ಬೋರ್ಡ್ ಬರೆದವರೇ ತಡವಾಗಿ ಬಂದರು. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು.

"ಇದು ನಿಮ್ ಬಗ್ಗೇನಾ ಅಕ್ಕಾ?"

ಪೋಷಕರ ಸಹಿ

ಕೊನೆಗೆ ಇಳಿದು ಓಡಿದೆ. ಓಡಿದೆ ಅಂದರೆ ನನ್ನ ಮಂಡಿ ಓಡುವಷ್ಟು. ಕ್ಲಾಸ್ ಬಾಗಿಲಿಗೆ ಬರುವಾಗ ಪಾಠದ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಮೂರು ವರ್ಷ ಇಲ್ಲಿಗೆ ಮುಗೀತು ಅಂದುಕೊಂಡೆ, ಕಣ್ಣು ತುಂಬಿ ಬಂತು. ಒಳಗಿಂದ ಯಾರೋ ಪಾಠ ಮಾಡ್ತಿರೋ ದನಿ ಕೇಳಿಸ್ತು.

ಆ ಹುಡುಗಿ. ಅವಳ ಅಪ್ಪ ಅವತ್ತು ಅರ್ಧ ದಿನದ ಕೆಲಸ ಬಿಟ್ಟು, ಮುಕ್ಕಾಲು ಗಂಟೆ ಮುಂಚೆಯೇ ಅವಳನ್ನು ಶಾಲೆಗೆ ತಂದು ಬಿಟ್ಟಿದ್ದರಂತೆ. ಹಿರಿಯರು ಬಂದು ಕೂತರೂ ನಾನಿಲ್ಲ, ಹೆಡ್‌ಮಿಸ್ ಇನ್ನೇನು ಕ್ಷಮೆ ಕೇಳಿ ಎಬ್ಬಿಸಬೇಕು ಅನ್ನೋವಾಗ ಇವಳು ಡೈರಿ ಹಿಡಿದು ಬೋರ್ಡ್ ಹತ್ತಿರ ಹೋಗಿದ್ದಾಳೆ. ನನ್ನ ಒಂದೊಂದೇ ಸಾಲು ಓದೋದು, ಮೇಲ್ನೋಟದ ಅರ್ಥ ಏನು, ಒಳಗಿನ ಅರ್ಥ ಏನು ಅಂತ ಕ್ಲಾಸನ್ನು ಕೇಳೋದು. ಮಕ್ಕಳು ಒಂದೇ ಸಮ ಕೈ ಎತ್ತುತ್ತಿದ್ದರು. ನನ್ನ ಜನ್ಮದಲ್ಲಿ ನನ್ನ ಕ್ಲಾಸು ಹಾಗೆ ಕೈ ಎತ್ತಿದ್ದು ನೋಡಿಲ್ಲ. ಹಿರಿಯರು ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಂಡು ನಗ್ತಾ, ಇದನ್ನೆಲ್ಲ ಬರೆದವರು ಯಾರಮ್ಮ ಅಂತ ಕೇಳಿದರು.

"ನಮ್ಮ ಕನ್ನಡ ಮಿಸ್, ಸರ್. ತಡವಾಗಿ ಬರೋರಿಗೆ ಬರೀತಾರೆ."

ಅದೇ ಹೊತ್ತಿಗೆ ನಾನು ಚಾರ್ಟ್ ಹಿಡಿದುಕೊಂಡು ಒಳಗೆ ಬಂದೆ. ಇಡೀ ಕೋಣೆ ನಕ್ಕಿತು. ಹೆಡ್‌ಮಿಸ್ ಕೂಡ. ಚಾರ್ಟ್ ತಿರುಗಿಸಿ ತೋರಿಸಿದ ಮೇಲಂತೂ ಕೇಳಬೇಡಿ. ಇನ್ನು ಪಾಠ ಮಾಡೋದು ಏನೂ ಉಳಿದಿಲ್ಲ ಅಂತ ಹೇಳಿ ಹಿರಿಯರು ಎದ್ದರು. ವಾರದಲ್ಲಿ ಕಾಯಂ ಆದೇಶ ಬಂತು. ಆ ಹುಡುಗಿ ತಮ್ಮನನ್ನು ಬಿಟ್ಟು ಎರಡನೇ ಪೀರಿಯಡ್ಡಿಗೆ ಬಂದರೂ ಡೈರಿಯಲ್ಲಿ ಇನ್ನು ಏನೂ ಬರೆಯೋದು ಬೇಡ ಅಂತ ಹೆಡ್‌ಮಿಸ್ ಹತ್ತಿರ ನಾನೇ ಮಾತಾಡಿ ಒಪ್ಪಿಸಿದೆ.

ಆದರೆ ಆ ಪಾಠದ ದಿನ ಸಂಜೆಯೇ ಅವಳು ಡೈರಿಯನ್ನು ನನ್ನ ಕೈಗೆ ಕೊಟ್ಟು ಓಡಿಹೋಗಿದ್ದಳು. ಹೊಸ ಪುಟದಲ್ಲಿ ನನ್ನದೇ ಶೈಲಿ: "ನಮ್ಮ ಮಿಸ್ ಇವತ್ತು ಪಾಠ ಮುಗಿಯೋಕೆ ಮುಂಚೆಯೇ ಶಾಲೆಗೆ ಬಂದಿದ್ದಾರೆ. ತುಂಬಾ ಸಂತೋಷ. ಪೋಷಕರ ಸಹಿ ಹಾಕಿಸಿಕೊಂಡು ಬರಬೇಕು."

ನಿಯಮ ಅಂದರೆ ನಿಯಮ. ಹಲಸೂರಿನ ಮನೆಯಲ್ಲಿ ಎಂಬತ್ತು ದಾಟಿದ ನನ್ನ ಅಮ್ಮನ ಮುಂದೆ ಡೈರಿ ಇಟ್ಟೆ. ನಾಲ್ಕನೇ ಕ್ಲಾಸು ಓದಿದವಳು. ಕನ್ನಡಕ ಏರಿಸಿ, ಬೆರಳಿಟ್ಟು, ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದಿದಳು. ಮುಖ ಅರಳಿತು.

"ನೋಡಿದ್ಯೇನೇ, ಇಷ್ಟು ವರ್ಷ ದುಡಿದಿದ್ದಕ್ಕೆ ಈಗಲಾದ್ರೂ ಒಬ್ಬರು ನಿನ್ನ ಬಗ್ಗೆ ಒಳ್ಳೇದು ಬರೆದ್ರಲ್ಲ" ಅಂದಳು.

ನಾನು ಸುಮ್ಮನಿದ್ದೆ. ಅಮ್ಮ ಸಹಿ ಹಾಕಿ, ಪಕ್ಕದ ಮನೆಯವರಿಗೆ ತೋರಿಸಿ ಬರ್ತೀನಿ ಅಂತ ಡೈರಿ ಎತ್ತಿಕೊಂಡು ಹೋದಳು.