ಕಳ್ಳಜೇಬಿನ ಸುವಾರ್ತೆ

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಜಾದೂಗಾರ್ತಿಯಾಗುವುದೆಂದು ನಾನು ತೀರ್ಮಾನಿಸಿದೆ. ನಗು ಬಂದವರು ಈಗಲೇ ನಕ್ಕು ಮುಗಿಸಿಕೊಳ್ಳಿ. ನಡುವೆ ಯಾರಾದರೂ ಕಿಸಕ್ಕೆಂದರೆ ನನಗೆ ಆಗುವುದಿಲ್ಲ.

ಮೂವತ್ನಾಲ್ಕು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿದವಳು ನಾನು. ಭಾನುವಾರ ಬೆಳಿಗ್ಗೆ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಸುವಾರ್ತೆ ಕಲಿಸಲು ಹಿಡಿದು ನಲವತ್ತು ವರ್ಷವಾಯಿತು. ಎರಡೂ ಕಡೆ ಪದ್ಧತಿ ಒಂದೇ: ಬೆನ್ನು ನೆಟ್ಟಗೆ, ಬಾಯಿಗೆ ಬೀಗ, ಕಿವಿ ಮಾತ್ರ ತೆರೆದಿರಬೇಕು. ಇಷ್ಟು ಕಟ್ಟುನಿಟ್ಟಿದ್ದರೂ ಹೋದ ವರ್ಷದವರೆಗೆ ಮೂವತ್ತು ಮಕ್ಕಳು ನೂಕಾಡಿಕೊಂಡು ಬರುತ್ತಿದ್ದರು. ನನ್ನ ಬೋಧನೆಯ ಗುಣವೇ ಅಂಥದು ಎಂದು ನಾನು ಎಲ್ಲಿಯೂ ಹೇಳಿಕೊಂಡಿಲ್ಲ. ತಿಳಿದುಕೊಂಡಿದ್ದೆ, ಅಷ್ಟೆ.

ಈ ವರ್ಷ ಮೂವತ್ತು ಹೋಗಿ ಏಳಾಯಿತು. ಏಳರಲ್ಲಿ ಇಬ್ಬರು ನನ್ನ ಮೊಮ್ಮಕ್ಕಳು. ಅವರಿಗೆ ಬೇರೆ ದಾರಿಯಿರಲಿಲ್ಲ.

ಕಾರಣ ಹಗಲಿನಷ್ಟು ಸ್ಪಷ್ಟ. ಎದುರು ಕೋಣೆಯಲ್ಲಿ ಹೊಸ ಹುಡುಗಿಯೊಬ್ಬಳು ಇನ್ನೊಂದು ತರಗತಿ ತೆರೆದಿದ್ದಳು. ಹೆಗಲಿಗೆ ಗಿಟಾರು, ಮುಖದಲ್ಲಿ ಸದಾ ನಗು. ಮಕ್ಕಳ ಬಾಯಲ್ಲಿ ಅವಳು ಗಿಟಾರಕ್ಕ. ಸಾಲದ್ದಕ್ಕೆ, ಅದೇ ತಿಂಗಳು ನಾನು ಶಿಸ್ತನ್ನು ಇನ್ನಷ್ಟು ಬಿಗಿ ಮಾಡಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು ಏನೋ ಚರಪರ ಸದ್ದು ಮಾಡುತ್ತಿದ್ದ ನನ್ನ ಗಂಡನನ್ನು ತರಗತಿಯಿಂದ ಹೊರಗೆ ಹಾಕಿದ್ದೆ. ಆಮೇಲೂ ಹಾಜರಿ ಏರಲಿಲ್ಲವೆಂದರೆ ಗಿಟಾರಿನ ಪ್ರಭಾವ ಎಷ್ಟಿರಬೇಕು ಯೋಚಿಸಿ!

ನನ್ನ ಗಂಡ ದರ್ಜಿ. ನಾನು ಡಾಕ್ಟರೇಟು ಪಡೆದ ದಿನ ತೊಟ್ಟಿದ್ದ ಕಪ್ಪು ಗೌನನ್ನು ಹೊಲಿದವರೂ ಅವರೇ. ಅಳತೆ ಕೊಡಲು ಹೋದವಳು ಮದುವೆಯಾಗಿ ಬಂದೆ. ಈಗ ಅಂಗಡಿ ಮುಚ್ಚಿದ್ದಾರೆ, ಆದರೆ ಹೊಲಿಗೆ ಬಿಟ್ಟ ಬಟ್ಟೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ನಮ್ಮ ಮನೆಯೊಳಗೆ ಸಿಹಿ ಕಾಲಿಡದೆ ಎಂಟು ವರ್ಷವಾಗಿದೆ. ಆದರೂ ಅವರ ರಕ್ತದಲ್ಲಿ ಸಕ್ಕರೆ ಏಕೆ ಇಳಿಯುವುದಿಲ್ಲ ಎಂಬುದೊಂದೇ ನನ್ನ ರಸಾಯನಶಾಸ್ತ್ರಕ್ಕೆ ಬಗ್ಗದ ಸಮಸ್ಯೆ.

ಪಾಸ್ಟರು ನನ್ನ ತರಗತಿಯಲ್ಲೇ ಮೂಗೊರೆಸಿಕೊಳ್ಳುತ್ತ ಬೆಳೆದವರು. ಒಂದು ದಿನ ಬಂದು ಬಾಗಿಲಲ್ಲೇ ನಿಂತರು.

"ಟೀಚರ್, ಏಳೇ ಮಕ್ಕಳು. ಎದುರು ಕ್ಲಾಸಿಗೆ ಸೇರಿಸಿಬಿಡೋಣ್ವಾ? ನಿಮಗೂ ವಿಶ್ರಾಂತಿ."

ವಿಶ್ರಾಂತಿ ಎಂಬ ಮಾತನ್ನು ನಾನು ಸಮಾಧಿಯ ಕಲ್ಲಿನ ಮೇಲೆ ಮಾತ್ರ ಒಪ್ಪುತ್ತೇನೆ. ಒಂದು ಪಂಥ ಹೂಡಿದೆ. ಮುಂದಿನ ತಿಂಗಳ ಮೊದಲ ಭಾನುವಾರ ಎಲ್ಲ ಮಕ್ಕಳನ್ನೂ ಸಭೆಯ ಮುಂದೆ ಕೂರಿಸಬೇಕು, ನಾನೊಂದು ಪಾಠ ಮಾಡುತ್ತೇನೆ, ಆಮೇಲೆ ಯಾರಿಗೆ ಯಾರ ತರಗತಿ ಬೇಕೋ ಮಕ್ಕಳೇ ಕೈಯೆತ್ತಿ ಹೇಳಲಿ. ಸೋತರೆ ಕೋಣೆಯ ಬೀಗದಕೈ ಪಾಸ್ಟರ ಕೈಗೆ. ಅವಳದು ತಂತಿಯಾದರೆ ನನ್ನದು ತಂತ್ರ! ಜಾದೂವಿನಿಂದ ಸುವಾರ್ತೆ ಸಾರುತ್ತೇನೆ ಎಂದೆ. ಪಾಸ್ಟರು ಎರಡು ಹೆಜ್ಜೆ ಹಿಂದೆ ಸರಿದರು.

ಮನೆಯಲ್ಲಿ ಗಂಡ ಸೂಜಿಗೆ ದಾರ ಪೋಣಿಸುತ್ತ ಕೇಳಿದರು: "ದೇವರ ಮಾತು ಹೇಳೋಕೆ ಮಕ್ಕಳ ಕಣ್ಣಿಗೆ ಮಣ್ಣೆರಚ್ತೀಯಾ, ಪ್ರೊಫೆಸರಮ್ಮ?"

"ಸುವಾರ್ತೆಯಲ್ಲಿ ಸ್ವಾಮಿ ಹುಟ್ಟುಕುರುಡನ ಕಣ್ಣಿಗೆ ಮಣ್ಣು ಹಚ್ಚಿಯೇ ದೃಷ್ಟಿ ಕೊಟ್ಟದ್ದು ಮರೆತುಹೋಯ್ತಾ ನಿಮಗೆ?" ಎಂದೆ. ಅವರು ದಾರವನ್ನು ಹಲ್ಲಿನಿಂದ ಕಡಿದರು.

ಮೊದಲ ಪ್ರಯೋಗ ನನ್ನ ಸ್ವಂತ ಕ್ಷೇತ್ರದಲ್ಲೇ ನಡೆಯಿತು. ಗಾಜಿನ ಲೋಟದಲ್ಲಿ ಅಯೋಡಿನ್ ಬೆರೆಸಿದ ಕಂದು ನೀರು, ಅದು ಪಾಪ. ಇನ್ನೊಂದು ದ್ರಾವಣವನ್ನು ನಾಲ್ಕು ಹನಿ ಬಿಟ್ಟರೆ ನೀರು ತಿಳಿಯಾಗಬೇಕು, ಅದು ಕೃಪೆ. ಊಟದ ಮೇಜಿನ ಮುಂದೆ ನಾನು ಕೈಯೆತ್ತಿ ಭಾಷಣ ಆರಂಭಿಸಿದೆ, ಮೊಣಕೈ ತಗುಲಿತು, ಪಾಪವೆಲ್ಲ ಪಕ್ಕದ ಕುರ್ಚಿಯಲ್ಲಿದ್ದ ಗಂಡನ ಬಿಳಿ ಅಂಗಿಯ ಮೇಲೆ ಹೋಯಿತು. ಗಂಜಿ ಹಾಕಿದ ಅಂಗಿ. ಅಯೋಡಿನ್ ಗಂಜಿಯನ್ನು ಮುಟ್ಟಿದರೆ ಕಡುನೀಲಿಯಾಗುತ್ತದೆಂದು ಎರಡು ತಲೆಮಾರಿಗೆ ಕಲಿಸಿದವಳ ಕಣ್ಣೆದುರೇ ಕೊರಳಪಟ್ಟಿಯಿಂದ ಗುಂಡಿಯವರೆಗೆ ನೀಲಿ ಹರಡಿತು. "ಪಾಪ ನಿನ್ನದು, ಅಂಗಿ ನನ್ನದು" ಎಂದು ಅವರು ಎದ್ದು ಹೋದರು. ಕೃಪೆಯ ಇಡೀ ಸೀಸೆ ಆ ಅಂಗಿಗೇ ಖರ್ಚಾಯಿತು.

ದ್ರವ ಬೇಡ, ಬಟ್ಟೆಯೇ ಸರಿ ಎಂದುಕೊಂಡೆ. ಜಾದೂವಿನ ಚೀಲ ಗೊತ್ತಿರಬೇಕು ನಿಮಗೆ. ಒಳಗೆ ನಡುವೆ ಬಟ್ಟೆಯದೇ ಒಂದು ಗೋಡೆ. ಮುಂದಿನ ಅರೆ ಖಾಲಿ. ಹಿಂದಿನ ಅರೆಯಲ್ಲಿ ಒಂದು ಬಿಳಿ ಬಟ್ಟೆ ಅಡಗಿರುತ್ತದೆ. ಎಲ್ಲರ ಕಣ್ಣೆದುರು ಕಪ್ಪು ಬಟ್ಟೆಯನ್ನು ಮುಂದಿನ ಅರೆಗೆ ಹಾಕುವುದು, ಕ್ಷಮೆಯ ಬಗ್ಗೆ ನಾಲ್ಕು ಮಾತಾಡುವುದು, ಹೆಬ್ಬೆರಳಿನಿಂದ ಗೋಡೆಯನ್ನು ಈಚೆ ಸರಿಸಿ ಹಿಂದಿನಿಂದ ಬಿಳಿಯದನ್ನು ಎಳೆಯುವುದು. ಇಷ್ಟೇ. ನಾನು ಆ ಹಳೆಯ ಗೌನಿನ ತೋಳು ಕತ್ತರಿಸಿ ನನ್ನ ಕೈಯಾರೆ ಚೀಲ ಹೊಲಿದೆ. ಮನೆಯಲ್ಲೇ ದರ್ಜಿಯಿರುವಾಗ ನೀನೇಕೆ ಹೊಲಿದೆ ಎನ್ನುತ್ತೀರಾ? ಅವರಿಗೂ ಅದೇ ಕುತೂಹಲ. ಏನದು, ಯಾತಕ್ಕೆ ಎಂದು ಎರಡು ಸಲ ವಿಚಾರಿಸಿದರು.

"ಜಾದೂಗಾರರು ಗುಟ್ಟು ಹೇಳಬಾರದು" ಎಂದೆ.

ಶನಿವಾರ ಬೆಳಿಗ್ಗೆ ಹನ್ನೊಂದು ಸಲ ಅಭ್ಯಾಸ ಮಾಡಿದೆ. ಹನ್ನೊಂದು ಸಲವೂ ಕಪ್ಪು ಬೆಳ್ಳಗಾಯಿತು. ಬಿಳಿ ಬಟ್ಟೆಯನ್ನು ಮತ್ತೆ ಅಡಗಿಸಿ, ಚೀಲವನ್ನು ಬಾಗಿಲ ಹಿಂದೆ ನೇತುಹಾಕಿ ಮಧ್ಯಾಹ್ನ ಮಲಗಿದೆ. ಹೊಲಿಗೆ ಯಂತ್ರದ ಸದ್ದು ಕೇಳಿಸದೆ ಇರಲಿಲ್ಲ. ನಲವತ್ತಾರು ವರ್ಷದಿಂದ ಅದು ನನಗೆ ಜೋಗುಳ.

ಭಾನುವಾರ ಬಂತು. ಮುಂದೆ ಮೂವತ್ತೆಂಟು ಮಕ್ಕಳು, ಹಿಂದೆ ತಂದೆತಾಯಂದಿರು, ಪಕ್ಕದಲ್ಲಿ ಗಿಟಾರಕ್ಕ. ಪಾಸ್ಟರು ನನ್ನ ಕೊರಳಪಟ್ಟಿಗೆ ಮೈಕು ಸಿಕ್ಕಿಸಿದರು. ನಾನು ಕಪ್ಪು ಬಟ್ಟೆಯನ್ನು ಬಾವುಟದಂತೆ ಬಿಚ್ಚಿ, ಇದು ಪಾಪ ಎಂದು ಘೋಷಿಸಿ ಚೀಲಕ್ಕೆ ಹಾಕಿದೆ. ಕ್ಷಮೆಯ ಬಗ್ಗೆ ಆಡಿದ ಮಾತು ಚೆನ್ನಾಗಿಯೇ ಬಂತು. ಹೆಬ್ಬೆರಳು ಸರಿಸಿದೆ. ಎಳೆದೆ. ಕಪ್ಪು!

ಮುಂದಿನ ಸಾಲಿನಲ್ಲಿ, ನಾನು ಪ್ರಶ್ನೆಪುಟ್ಟಿ ಎಂದು ಹೆಸರಿಟ್ಟಿದ್ದ ಹುಡುಗಿ ಕೂತಿದ್ದಳು. ನನ್ನ ತರಗತಿ ಬಿಟ್ಟು ಓಡಿದವರಲ್ಲಿ ಮೊದಲಿಗಳು. "ಅಜ್ಜಿ, ಪಾಪ ಹೋಗ್ಲಿಲ್ವಾ?"

"ಹೋಗುತ್ತೆ. ಬೆನ್ನು ನೆಟ್ಟಗೆ" ಎಂದು ಮತ್ತೆ ಹಾಕಿದೆ. ಮತ್ತೆ ಎಳೆದೆ. ಕಪ್ಪು. ಮೂರನೆಯ ಸಲವೂ ಕಪ್ಪು. ಕೈಚಳಕ ಕೈಕೊಟ್ಟಿತ್ತು. ಹಿಂದಿನಿಂದ ಯಾರೋ "ಪಾಪ" ಎಂದರು. ಬಟ್ಟೆಯ ಬಗ್ಗೆ ಹೇಳಿದರೋ ನನ್ನ ಬಗ್ಗೆಯೋ, ಇಂದಿಗೂ ತಿಳಿದಿಲ್ಲ.

"ಅಜ್ಜಿ," ಪುಟ್ಟಿ ದನಿ ತಗ್ಗಿಸಿದಳು, "ಅಂಥದ್ದೇನು ಮಾಡಿದ್ರಿ ನೀವು?"

ಸೋಲೊಪ್ಪುವ ಜಾತಿ ನನ್ನದಲ್ಲ. ಮನುಷ್ಯ ತನ್ನ ಕೈಯಿಂದ ತನ್ನ ಪಾಪ ತೊಳೆದುಕೊಳ್ಳಲಾರ, ಇದೇ ಪಾಠ ಎಂದು ಗಟ್ಟಿಯಾಗಿ ಸಾರಿದೆ. ಸಾರುತ್ತಲೇ ಒಳಗೆ ಕೈಯಾಡಿಸಿದೆ. ಹಿಂದಿನ ಅರೆಗೆ ಬಾಯಿಯೇ ಇರಲಿಲ್ಲ! ಉಗುರಿನಿಂದ ಕೆರೆದೆ, ಎರಡೂ ಕೈಯಿಂದ ಜಗ್ಗಿದೆ, ಕೊನೆಗೆ ಹಲ್ಲು ಹಚ್ಚಿದೆ. ಅದು ಜಗ್ಗಲಿಲ್ಲ. ಆಗ ಕೊನೆಯ ಸಾಲಿನಿಂದ ನನ್ನ ಗಂಡ ಎದ್ದು ಬಂದರು. ಮುಂದಿನದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು.

"ಹರಿಬೇಡ, ಹರಿಯಲ್ಲ. ಜೋಡಿ ಹೊಲಿಗೆ ಹಾಕಿದೀನಿ."

"ಯಾಕೆ ಹಾಕಿದ್ರಿ?"

"ಅಸ್ತರು ಬಿಟ್ಟಿತ್ತು."

"ಬಿಟ್ಟಿರಲಿಲ್ಲ, ರೀ. ಬಿಟ್ಟಿದ್ದೆ."

ಅವರು ಚೀಲದೊಳಗೆ ಇಣುಕಿದರು. ಮುಖ ಅರಳಿತು. "ಅಯ್ಯೋ, ಇದು ಕಳ್ಳಜೇಬು. ಮೊದಲೇ ಹೇಳಿದ್ರೆ ನಾನೇ ಹೊಲಿದು ಕೊಡ್ತಿದ್ನಲ್ಲ. ತಡಿ, ಬಿಚ್ಚಿಬಿಡ್ತೀನಿ" ಎಂದು ದಾರ ಕತ್ತರಿಸುವ ಪುಟ್ಟ ಕತ್ತರಿಗಾಗಿ ತಮ್ಮ ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಕೈಹಾಕಿದರು. ಅಲ್ಲೊಂದು ಜೇಬಿರುವುದು ನಲವತ್ತಾರು ವರ್ಷ ಅದೇ ಪ್ಯಾಂಟುಗಳನ್ನು ಒಗೆದು ಒಣಹಾಕಿದ ನನಗೆ ಗೊತ್ತಿರಲಿಲ್ಲ. ಕತ್ತರಿ ಹೊರಬಂತು. ಅದರ ಹಿಂದೆಯೇ ಬಿಳಿ ಕಾಗದದ ಪೆಪ್ಪರ್‌ಮಿಂಟುಗಳು ಚರಪರ ಎಂದು ಉದುರಿ, ವೇದಿಕೆಯ ಮೆಟ್ಟಿಲಿಳಿದು ಮಕ್ಕಳ ಕಾಲಬುಡಕ್ಕೆ ಉರುಳಿದವು.

ಆ ಚರಪರ ನನಗೆ ಚಿರಪರಿಚಿತ. ಹಿಂದಿನ ಬೆಂಚಿನದು.

"ಪೆಪ್ಪರ್‌ಮಿಂಟ್ ತಾತ ವಾಪಸ್ ಬಂದ್ರು" ಎಂದು ಯಾರೋ ಕೂಗಿದ್ದೇ ತಡ, ಮೂವತ್ತೆಂಟು ಮಕ್ಕಳೂ ನೆಲದ ಮೇಲಿದ್ದರು. ಗಿಟಾರಿನ ಒಂದು ತಂತಿ ಹರಿಯಿತು. ಈ ಗಲಾಟೆಯಲ್ಲೇ ಗಂಡ ಹೊಲಿಗೆ ಬಿಚ್ಚಿದರು. ನಾನು ಬಿಳಿ ಬಟ್ಟೆಯನ್ನು ಎಳೆದು ಎತ್ತಿ ಹಿಡಿದೆ. ನೋಡಿದವರು ಪಾಸ್ಟರು ಒಬ್ಬರೇ.

ಎಲ್ಲರನ್ನೂ ಕೂರಿಸಿದ ಮೇಲೆ ಪಾಸ್ಟರು, ಏನು ಕಲಿತಿರೆಂದು ಮಕ್ಕಳನ್ನು ಕೇಳಿದರು. ಪುಟ್ಟಿ ಕೆನ್ನೆಯಲ್ಲಿದ್ದುದನ್ನು ಈಚೆಯಿಂದ ಆಚೆಗೆ ದಾಟಿಸಿಕೊಂಡು ಎದ್ದಳು.

"ಪಾಪಾನ ನಾವಾಗೇ ಎಷ್ಟು ಎಳೆದ್ರೂ ಹೋಗಲ್ಲ. ಬಿಚ್ಚೋಕೆ ಬೇರೆಯವರೇ ಬರಬೇಕು."

ನಲವತ್ತು ವರ್ಷದಿಂದ ನಾನು ಮಕ್ಕಳ ತಲೆಗೆ ತುಂಬಲು ಹೆಣಗಿದ್ದು ಇದನ್ನೇ. ಇದು ನನ್ನ ಪಾಠ. ಯಾರು ಏನೇ ಅನ್ನಲಿ, ನನ್ನದೇ. ಯಾರಿಗೆ ನನ್ನ ತರಗತಿ ಬೇಕೆಂದು ಕೇಳಿದಾಗ ಮೂವತ್ತೆಂಟು ಕೈ ಮೇಲೆದ್ದವು. ನಾನು ಗಿಟಾರಕ್ಕನತ್ತ ನೋಡುವಷ್ಟರಲ್ಲಿ ಪುಟ್ಟಿ ಇನ್ನೊಂದು ಪ್ರಶ್ನೆ ತೆಗೆದಳು.

"ತಾತ ಹಿಂದಿನ ಬೆಂಚಿಗೇ ಬರ್ತಾರಲ್ವಾ?"

ಎತ್ತಿದ್ದ ಕೈಗಳಲ್ಲಿ ಕೆಲವು ಉತ್ತರಕ್ಕಾಗಿ ಅರ್ಧಕ್ಕೇ ನಿಂತವು. ಬರುತ್ತಾರೆ ಎಂದೆ.

ಈಗ ಬರುತ್ತಾರೆ, ಷರತ್ತಿನ ಮೇಲೆ. ಮಕ್ಕಳಿಗೆ ಹಂಚಬಹುದು, ತಾವು ಬಾಯಿಗೆ ಹಾಕುವಂತಿಲ್ಲ. ಮಿಕ್ಕಿದ್ದನ್ನು ನನಗೆ ಒಪ್ಪಿಸಬೇಕು. ಪ್ರತಿ ವಾರ ಅವರ ಪ್ಯಾಂಟುಗಳನ್ನು ಒಳಹೊರಗು ಮಾಡಿ ತಪಾಸಣೆ ನಡೆಸುತ್ತೇನೆ. ಕಳ್ಳಜೇಬುಗಳು ಖಾಲಿ. ಸಕ್ಕರೆ ಮಾತ್ರ ಇಳಿದಿಲ್ಲ. ನನ್ನ ಚೀಲವನ್ನು ಅವರೇ ಹೊಸದಾಗಿ ಹೊಲಿದುಕೊಟ್ಟಿದ್ದಾರೆ. ಅದನ್ನು ಶನಿವಾರವೇ ಸಜ್ಜು ಮಾಡಿ ಬಾಗಿಲ ಹಿಂದೆ ನೇತುಹಾಕುತ್ತೇನೆ. ಮುಟ್ಟಕೂಡದೆಂಬ ಕಟ್ಟಪ್ಪಣೆಯಿದೆ.

ಹೋದ ಭಾನುವಾರ ಮೂವತ್ತೆಂಟು ಜೊತೆ ಕಣ್ಣುಗಳ ಮುಂದೆ ಕಪ್ಪು ಬಟ್ಟೆ ಹಾಕಿ, ಹೆಬ್ಬೆರಳು ಸರಿಸಿ, ಬಿಳಿಯದನ್ನು ಜಂಬದಿಂದ ಎಳೆದೆ. ಬಂತು. ಅದರೊಡನೆ ಎರಡು ಹಿಡಿ ಪೆಪ್ಪರ್‌ಮಿಂಟೂ ಬಂತು!

ನಾನು ಹಿಂದಿನ ಬೆಂಚಿನತ್ತ ತಿರುಗಿದೆ. ಅವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಗುಟ್ಟು ಹೇಳಬಾರದು ಅಂದವಳು ನೀನೇ ಅಲ್ವಾ, ಪ್ರೊಫೆಸರಮ್ಮ?"