ನಾನೇ ಆರಿಸಿದ ಪೈಪು

ನಾನು ಹುಟ್ಟಿದಾಗಿನಿಂದ ಏನನ್ನೂ ಆರಿಸಿಕೊಂಡವಳಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ್ದೇನೆ, ಶೇಂಗಾದಲ್ಲಿ ಮಣ್ಣಿನ ಹೆಂಟೆ ಆರಿಸಿದ್ದೇನೆ. ಅದು ಬೇರೆ. ಬೇಡವಾದದ್ದನ್ನು ತೆಗೆದು ಎಸೆಯಲು ಕಣ್ಣಿದ್ದರೆ ಸಾಕು, ಬೇಕಾದದ್ದನ್ನು ಆರಿಸಲು ಧೈರ್ಯ ಬೇಕು. ಗಂಡನನ್ನು ನಮ್ಮಪ್ಪ ಆರಿಸಿದ, ಅದೂ ಅವಸರದಲ್ಲಿ. ಸೊಸೆಯನ್ನು ಮಗ ಆರಿಸಿಕೊಂಡ, ನನಗೆ ತೋರಿಸಿದ್ದು ಆಮೇಲೆ. ಸೀರೆ ಅಂಗಡಿಗೆ ಹೋದರೆ ಅಂಗಡಿಯವನು ಮೊದಲು ಯಾವುದನ್ನು ಮುಂದೆ ಹಾಕುತ್ತಾನೋ ಅದನ್ನೇ ಕಟ್ಟಿಸಿಕೊಂಡು ಬರುತ್ತೇನೆ. ಹೋದ ವರ್ಷ ರಾಯಚೂರಿಗೆ ಹೋಗಿ ಹಲ್ಲಿನ ಸೆಟ್ಟು ಮಾಡಿಸಿದೆ. ಡಾಕ್ಟರು ಒಂದು ಪಟ್ಟಿಯ ಮೇಲೆ ಸಾಲಾಗಿ ಅಂಟಿಸಿದ್ದ ಹಲ್ಲು ತೋರಿಸಿ, ಯಾವ ಬಣ್ಣ ಬೇಕು ಎಂದು ಕೇಳಿದರು. ನಾನು ಎಲ್ಲಕ್ಕಿಂತ ಬೆಳ್ಳಗಿರುವುದರ ಮೇಲೆ ಬೆರಳಿಟ್ಟೆ. ಅವರು ನನ್ನ ಮುಖ ನೋಡಿದರು, ಪಟ್ಟಿಯ ಕೊನೆಗಿದ್ದ ಹಳದಿ ಹಲ್ಲನ್ನು ಬರೆದುಕೊಂಡರು. ಹೀಗೆ ನನ್ನ ಬಾಯಲ್ಲಿರುವ ಹಲ್ಲು ಕೂಡ ನಾನು ಆರಿಸಿದ್ದಲ್ಲ.

ಅಂಥವಳು ಈ ವಯಸ್ಸಿನಲ್ಲಿ ತಂಬಾಕು ಸೇದುವ ಪೈಪೊಂದನ್ನು, ಅದೂ ಹೊಸದು, ಅದೂ ಒಳ್ಳೆಯದು, ಒಬ್ಬಳೇ ಹೋಗಿ ನೋಡಿ ಆರಿಸಿ ತಂದೆ. ಆ ಸಂಭ್ರಮವನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ಹೊಗೆ ಕೆಟ್ಟದ್ದು ಎಂದು ನನಗೆ ಯಾರೂ ತಿಳಿಸಬೇಕಾಗಿಲ್ಲ. ಡಬ್ಬಿಯ ಮೇಲೆ ಕೊಳೆತ ಗಂಟಲಿನ ಚಿತ್ರ ಹಾಕಿರುತ್ತಾರೆ. ಓದಲು ಬಾರದವರಿಗಾಗಿಯೇ ಹಾಕಿದ್ದು, ನನಗೂ ಕಾಣುತ್ತದೆ. ಸೊಸೆ ಲಕ್ಷ್ಮಿ ದಿನಾ ಹೇಳುತ್ತಾಳೆ. ಅವಳು ಹೇಳುವುದು ಸರಿ. ಆ ಮಾತು ಅಲ್ಲಿಗೆ ಮುಗಿಯಿತು.

ಇದಕ್ಕೆಲ್ಲ ಕಾರಣ ಹುಸೇನ್‌ಬಿ. ಅರಕೇರಾದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. ಕಳೆ ತೆಗೆಯುವುದಕ್ಕೆ, ಹತ್ತಿ ಬಿಡಿಸುವುದಕ್ಕೆ ವಯಸ್ಸಿನಲ್ಲಿದ್ದಾಗಿನಿಂದ ಇಬ್ಬರೂ ಜೊತೆಯಲ್ಲೇ ಹೋದವರು. ಮಧ್ಯಾಹ್ನ ರೊಟ್ಟಿ ತಿಂದಾದ ಮೇಲೆ ಅವಳು ಸೊಂಟದ ಚೀಲದಿಂದ ಮಣ್ಣಿನ ಚಿಲುಮೆ ತೆಗೆಯುತ್ತಿದ್ದಳು. ತಳದಲ್ಲಿ ಒಂದು ಹರಳು, ಅದರ ಮೇಲೆ ತಂಬಾಕು, ಅದರ ಮೇಲೆ ಕೆಂಡ. ಚಿಲುಮೆಯ ಸೌಕರ್ಯವೆಂದರೆ ಅದನ್ನು ತುಟಿಗೆ ಹಚ್ಚಬೇಕಾಗಿಲ್ಲ. ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಮುಷ್ಟಿಯಲ್ಲಿ ಹಿಡಿದು, ಮುಷ್ಟಿಯ ಸಂದಿಯಿಂದ ಎಳೆಯುವುದು. ಬಾಯಿ ತಾಕುವುದು ನಮ್ಮ ನಮ್ಮ ಕೈಗೇ. ಹೀಗಾಗಿ ಯಾರ ಎಂಜಲೂ ಯಾರಿಗೂ ಮುಟ್ಟದೆ ಒಂದೇ ಚಿಲುಮೆ ಇಡೀ ಹೊಲ ಸುತ್ತಿ ಬರುತ್ತದೆ. ಮೊದಲ ಸರದಿ ಹುಸೇನ್‌ಬಿಯದು, ಯಾಕೆಂದರೆ ಚಿಲುಮೆ ಅವಳದು. ಅವಳ ಸರದಿ ಉದ್ದ, ನನ್ನದು ಗಿಡ್ಡ. ಒಮ್ಮೆ ಇದನ್ನು ಎತ್ತಿ ಆಡಿದ್ದಕ್ಕೆ, ಹಾಗಾದರೆ ಗಂಡನಿಗೆ ಹೇಳಿ ನಿನಗೊಂದು ತರಿಸಿಕೋ ಎಂದಳು. ನನ್ನ ಗಂಡ ತನ್ನ ಬೀಡಿ ತರುವುದನ್ನೇ ಮರೆತು ಅರ್ಧ ದಾರಿಯಿಂದ ವಾಪಸು ಹೋಗುತ್ತಿದ್ದ ಮನುಷ್ಯ. ಅವನಿಗೆ ಹೇಳುವುದಕ್ಕಿಂತ ಸರದಿ ಕಾಯುವುದೇ ಮೇಲೆಂದು ಕಾದೆ. ಗಂಡ ಹೋದ ಮೇಲೂ ಅದೇ ಅಭ್ಯಾಸವಾಯಿತು.

ಈಚೆಗೆ ಹುಸೇನ್‌ಬಿಯ ಮಗ ಮಾನ್ವಿಯಲ್ಲಿ ಬಳೆ ಅಂಗಡಿ ಇಟ್ಟ. ತಾಯಿಯನ್ನೂ ಅಲ್ಲಿಗೇ ಕರೆದುಕೊಂಡ. ಹೊರಡುವ ದಿನ ಆಟೋದಲ್ಲಿ ಗಂಟುಮೂಟೆ ಏರಿಸುವಾಗ ನಾನು ಅಲ್ಲೇ ನಿಂತಿದ್ದೆ. ಇಷ್ಟು ವರ್ಷದ ನೆರೆಮನೆ, ಚಿಲುಮೆಯನ್ನಾದರೂ ನನಗೆ ಬಿಟ್ಟು ಹೋದಾಳು ಎಂಬ ಆಸೆ. ಅವಳು ಅದನ್ನು ಎಲ್ಲರಿಗೂ ಕಾಣುವಂತೆ ಬಟ್ಟೆಯಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡಳು. ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟೆ.

"ಅದನ್ನ್ಯಾಕ ಬಿಡ್ಲಿ? ನಂದು ನಾ ಒಯ್ತೀನಿ. ನೀನೂ ಒಂದು ತಗೋ, ಬ್ಯಾಡ ಅಂದವರ್ಯಾರು?" ಎಂದಳು. ಆಟೋದಲ್ಲಿ ಸರಿಯಾಗಿ ಕೂತ ಮೇಲೆ ತಲೆ ಹೊರಗೆ ಹಾಕಿ ಇನ್ನೊಂದು ಸೇರಿಸಿದಳು: "ಖರೇ ಹೇಳ್ಲೇನು ಹನುಮವ್ವ, ನಿನಗ ಎಳಿಯಾಕ ಬರ್ತದ, ಆರಿಸಾಕ ಬರಂಗಿಲ್ಲ."

ಗೆಳತಿ ಊರು ಬಿಟ್ಟಳೆಂದು ಅಳಬೇಕೆಂದು ಸೆರಗು ಕೈಗೆ ತೆಗೆದುಕೊಂಡು ನಿಂತಿದ್ದೆ. ಅಳು ಎಲ್ಲಿ ಹೋಯಿತೋ, ಸಿಟ್ಟು ಬಂತು. ಅಲ್ಲೇ ಆಣೆ ಮಾಡಿದೆ: ಅವಳದಕ್ಕಿಂತ ಒಳ್ಳೆಯದನ್ನು ನಾನೇ ಆರಿಸಿ ತರುತ್ತೇನೆ, ಮಾನ್ವಿಗೆ ಹೋಗಿ ಅವಳ ಎದುರಿಗೇ ಕೂತು ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಸೇದುತ್ತೇನೆ, ಕೇಳಿದರೂ ಒಂದು ದಮ್ಮು ಕೊಡುವುದಿಲ್ಲ. ಅದಾಗದಿದ್ದರೆ ಮಾನ್ವಿಗೆ ಕಾಲೇ ಇಡುವುದಿಲ್ಲ. ಬೀಡಿ ಸೇದಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೊಸ ಹಲ್ಲಿಗೆ ಬೀಡಿ ನಿಲ್ಲುವುದಿಲ್ಲ, ಜಾರಿ ಎದೆಯ ಮೇಲೆ ಬೀಳುತ್ತದೆ. ಕುಪ್ಪಸ ಸುಟ್ಟಾಗ ಲಕ್ಷ್ಮಿ ನೀರಿನ ಕೊಡವನ್ನೇ ಸುರಿದಳು. ಬೆಂಕಿ ಆರಿಸುವುದಕ್ಕಿಂತ ಅವಳಿಗೆ ನೀರು ಸುರಿಯುವುದೇ ಹೆಚ್ಚು ಖುಷಿಯಾದಂತೆ ಕಂಡಿತು.

ಮೊದಲು ದೇವದುರ್ಗದ ಸಂತೆಗೆ ಹೋಗಿ ಕುಂಬಾರನನ್ನು ಹಿಡಿದೆ. ಅವನ ಮುಂದೆ ಹಣತೆ ಇದ್ದವು, ಹೂವಿನ ಕುಂಡ ಇದ್ದವು, ನಲ್ಲಿ ಕೂಡಿಸಿದ ನೀರಿನ ಮಡಿಕೆ ಇದ್ದವು. ಚಿಲುಮೆ ಎಂದು ಕೇಳಿದ್ದಕ್ಕೆ ಅವನು, ಮಾಡುವವರೂ ಹೋದರು, ಸೇದುವವರೂ ಹೋದರು, ನೀನೊಬ್ಬಳು ಹೇಗೆ ಉಳಿದೆ ಎಂದು ಕೇಳಿದ. ನನ್ನನ್ನು ಬೇಕಾದರೆ ಹೂಕುಂಡದಲ್ಲಿ ಹುಗಿದುಬಿಡು ಎಂದು ಬೈದು, ರಾಯಚೂರಿನ ಬಸ್ಸು ಹತ್ತಿದೆ. ಈಗ ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲ. ಹಾಗಾಗಿ ಸಿಟ್ಟು ಬಂದಾಗ ರಾಯಚೂರಿಗೆ ಹೋಗಿಬಿಡಬಹುದು. ಮೊದಲೆಲ್ಲ ಸಿಟ್ಟು ಬಂದರೆ ಹಿತ್ತಿಲಿನವರೆಗೆ ಹೋಗಿ ಬರುತ್ತಿದ್ದೆವು.

ರಾಯಚೂರಿನಲ್ಲಿ ತೀನ್ ಕಂದೀಲ್ ಹತ್ತಿರ ಒಂದು ಪಾನ್ ಅಂಗಡಿಯಲ್ಲಿ ನಿಂತು, ಚಿಲುಮೆ ಇದೆಯೇನಪ್ಪ, ಒಳ್ಳೆಯದು ಬೇಕು ಎಂದು ಗಟ್ಟಿಯಾಗಿ ಕೇಳಿದೆ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಹುಡುಗನ ಕೈ ನಿಂತಿತು. ಆಚೆ ಈಚೆ ನೋಡಿ, ಮೆಲ್ಲಗೆ ಮಾತಾಡು ಎಂದು ಕಣ್ಸನ್ನೆ ಮಾಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ನಿನ್ನನ್ನು ಯಾರು ಕಳಿಸಿದರು ಎಂದು ಕೇಳಿದ. ಪಟ್ಟಣದಲ್ಲಿ ಹಿರಿಯರನ್ನು ಇಷ್ಟು ಅಕ್ಕರೆಯಿಂದ ವಿಚಾರಿಸುವ ಹುಡುಗರು ಇನ್ನೂ ಇದ್ದಾರಲ್ಲ ಎಂದು ಖುಷಿಯಾಯಿತು. ಯಾರೂ ಕಳಿಸಿಲ್ಲಪ್ಪ ಎಂದು ಹೇಳಿ, ನಮ್ಮೂರು ಅರಕೇರಾ, ತವರುಮನೆ ಕುರ್ಡಿ, ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆ, ತಂಗಿಯ ಮಗ ಕವಿತಾಳದಲ್ಲಿ ಪೊಲೀಸು ಎಂದು ಎಲ್ಲ ಬಿಡಿಸಿ ಹೇಳತೊಡಗಿದೆ. ಪೊಲೀಸು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಅವನು ಅಂಗಡಿಯ ಬಾಗಿಲು ಎಳೆದುಕೊಂಡು ಹೊರಟೇ ಹೋದ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ಹೆಂಗಸು ಆಮೇಲೆ ತಿಳಿಸಿ ಹೇಳಿದಳು. ಈಗಿನ ಕಾಲದಲ್ಲಿ ಚಿಲುಮೆ ಕೇಳುವವರು ತಂಬಾಕಿನವರಲ್ಲವಂತೆ, ಗಾಂಜಾದವರಂತೆ. ಇಷ್ಟು ವಯಸ್ಸಾದರೂ ನನ್ನನ್ನು ನೋಡಿ ಒಬ್ಬ ಹುಡುಗ ಹೆದರಿ ಓಡಿದನಲ್ಲ ಎಂದು ನನಗೆ ನಗು ತಡೆಯಲಾಗಲಿಲ್ಲ. ನಕ್ಕ ರಭಸಕ್ಕೆ ಕೆಳಗಿನ ಹಲ್ಲು ಸಡಿಲವಾಯಿತು. ಅವಳೇ, ಪೈಪು ಬೇಕಾದರೆ ಆ ಅತ್ತರಿನ ಅಂಗಡಿಗೆ ಹೋಗು ಎಂದು ದಾರಿ ತೋರಿಸಿದಳು.

ಅತ್ತರಿನ ಅಂಗಡಿಯ ಸಾಹೇಬರು ಬಿಳಿ ಗಡ್ಡದ ಸಮಾಧಾನಸ್ಥರು. ಪೈಪು ಎಂದ ಕೂಡಲೇ, ನಾಟಕಕ್ಕೋ ಎಂದರು. ಅಲ್ಲ ಎಂದೆ. ಮಗನಿಗೋ ಎಂದರು. ನನಗೆ ಎಂದೆ. ಸ್ವಲ್ಪ ಹೊತ್ತು ಗಡ್ಡ ಸವರಿಕೊಂಡು, ಗಾಜಿನ ಕಪಾಟಿನಿಂದ ಮೂರು ಪೈಪು ತೆಗೆದು ಮಖಮಲ್ ಬಟ್ಟೆಯ ಮೇಲೆ ಮಲಗಿಸಿದರು. ನನ್ನ ಮಕ್ಕಳನ್ನು ನಾನು ಹಾಗೆ ಮಲಗಿಸಿದವಳಲ್ಲ. ಒಂದು ಆನೆಯ ಸೊಂಡಿಲಿನಂತೆ ಬಗ್ಗಿತ್ತು. ಒಂದು ಕನ್ನಡಿಯಂತೆ ಮಿಂಚುತ್ತಿತ್ತು. ಇನ್ನೊಂದು ಗಿಡ್ಡದು, ನೇರವಾದದ್ದು, ಮಂಚದ ಕಾಲಿನ ಬಣ್ಣದ್ದು. ಒಳ್ಳೆಯ ಪೈಪಿನಲ್ಲಿ ಕಟ್ಟಿಗೆಯ ಗೆರೆ ನೋಡಬೇಕು, ಇದು ಬೇರಿನ ಕಟ್ಟಿಗೆ, ಸುಡುವುದಿಲ್ಲ ಎಂದು ವಿವರಿಸಿದರು. ನಾನು ಗೆರೆ ನೋಡಿದೆ. ಗೆರೆ ನೋಡಿ ಹೊಗೆ ಹೇಗೆ ಬರುತ್ತದೆಂದು ಹೇಳುವುದಾದರೆ ಅಂಗೈ ನೋಡಿ ಮಳೆ ಹೇಳುವವರೂ ಸುಳ್ಳಲ್ಲ. ಬಾಯಲ್ಲಿಟ್ಟು ನೋಡುತ್ತೇನೆ ಎಂದೆ. ಸಾಹೇಬರು ಕೈ ಅಡ್ಡ ಹಿಡಿದರು. "ಬಾಯಿಗೆ ಹಚ್ಚಿದ್ರ ತಗೊಂಡಂಗ ಯವ್ವಾ. ಎಂಜಲಾದ್ದು ನಾ ಯಾರಿಗಿ ಮಾರ್ಲಿ?" ಎಂದರು. ಅವರ ಮಾತೂ ನ್ಯಾಯವೇ. ಆದರೆ ನನ್ನ ಫಜೀತಿ ನೋಡಿ. ಬಾಯಿಗೆ ಹಚ್ಚದೆ ಎಳೆಯುವುದು ಹೇಗೆ, ಎಳೆಯದೆ ಆರಿಸುವುದು ಹೇಗೆ? ಮಾನ್ವಿಯಲ್ಲಿ ಹುಸೇನ್‌ಬಿ ನಗುವುದು ನನಗೆ ಅಲ್ಲಿಗೇ ಕೇಳಿಸಿತು.

ಆಗ ಮುಷ್ಟಿ ನೆನಪಾಯಿತು. ಒಂದೊಂದೇ ಪೈಪಿನ ತುದಿಯನ್ನು ಮುಷ್ಟಿಯೊಳಗೆ ತೂರಿಸಿ, ಹೊಲದಲ್ಲಿ ಎಳೆದ ಹಾಗೆ ಜೋರಾಗಿ ಎಳೆದೆ. ಸೊಂಡಿಲಿನದು ಹಸಿದ ಕರುವಿನಂತೆ ಕೂಗಿತು. ಅತ್ತರು ಕೊಳ್ಳಲು ಬಂದಿದ್ದ ಗಂಡ ಹೆಂಡತಿ ಬಾಟಲಿ ಕೆಳಗಿಟ್ಟು ತಿರುಗಿ ನೋಡಿದರು. ಕನ್ನಡಿಯಂಥದ್ದರಲ್ಲಿ ಗಾಳಿಯೇ ಬರಲಿಲ್ಲ. ಅದು ನೋಡುವುದಕ್ಕೆ ಮಾಡಿದ್ದು, ನಮ್ಮೂರಿನ ಕೆಲವು ಗಂಡಸರಂತೆ. ಮಂಚದ ಕಾಲಿನ ಬಣ್ಣದ್ದು ಮಾತ್ರ ಸದ್ದಿಲ್ಲದೆ, ತಡೆಯಿಲ್ಲದೆ ಎದೆ ತುಂಬ ಗಾಳಿ ಕೊಟ್ಟಿತು. ಆದರೆ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಬೀಡಿಯನ್ನೇ ಹಿಡಿಯದ ಹಲ್ಲು ಕಟ್ಟಿಗೆಯನ್ನು ಹಿಡಿದೀತೇ? ಪೈಪಿನ ಭಾರಕ್ಕೆ ಹುಸೇನ್‌ಬಿಯ ಎದುರಿಗೆ ಹಲ್ಲು ಸಮೇತ ಕಳಚಿ ಮಡಿಲಿಗೆ ಬಿದ್ದರೆ ನಾನು ಮಾನ್ವಿಯ ಬಾವಿ ಹುಡುಕಬೇಕಾಗುತ್ತದೆ. ಸಾಹೇಬರಿಂದ ತುಸು ಆಚೆ ತಿರುಗಿ ನಿಂತು, ಮೇಲಿನದೂ ಕೆಳಗಿನದೂ ಎರಡೂ ಹಲ್ಲಿನ ಸೆಟ್ಟು ಹೊರಗೆ ತೆಗೆದೆ. ಪೈಪಿನ ತುದಿಗೆ ನನ್ನ ಸೆರಗು ಸುತ್ತಿದೆ. ಕೈಯಲ್ಲಿದ್ದ ಹಲ್ಲಿನಿಂದ ಅದನ್ನು ಕಚ್ಚಿಸಿ ಗಾಳಿಯಲ್ಲಿ ಎತ್ತಿ ಹಿಡಿದೆ. ಸಾಹೇಬರು ಮತ್ತೆ ಕೈ ಅಡ್ಡ ತಂದರು. ಬಾಯಿಗೆ ಹಚ್ಚಬೇಡ ಎಂದಿದ್ದೀರಿ, ನಾನು ಹಚ್ಚಿಲ್ಲ, ಬಾಯಿ ಇಲ್ಲಿದೆ ಹಲ್ಲು ಅಲ್ಲಿದೆ ಎಂದು ನಾನೇ ತಿಳಿಸಿದೆ. ಹಲ್ಲಿಲ್ಲದ್ದರಿಂದ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಗಂಡ ಹೆಂಡತಿ ಅತ್ತರು ಕೊಳ್ಳದೆ ಹೊರಗೆ ಹೋಗಿ, ಮತ್ತೆ ನೋಡಲು ಒಳಗೆ ಬಂದರು. ಸೊಂಡಿಲಿನದು ಜಾರಿ ಮಖಮಲ್ಲಿನ ಮೇಲೆ ಬಿತ್ತು. ಮಿಂಚುವುದನ್ನು ಸಾಹೇಬರು ಕೊಡಲೇ ಇಲ್ಲ, ಎರಡೂ ಕೈಯಲ್ಲಿ ಬಚ್ಚಿಟ್ಟುಕೊಂಡರು. ಗಿಡ್ಡದು ಹಲ್ಲಿನ ನಡುವೆ ಅಲುಗಾಡದೆ ನಿಂತಿತು. ಅಲ್ಲಾಡಿಸಿದೆ, ನಿಂತಿತು. ಇದೇ ನನ್ನದು ಎಂದೆ. ಜೀವನದಲ್ಲಿ ಮೊದಲ ಸಲ ಹಾಗೆ ಹೇಳಿದ್ದು, ಅದನ್ನೂ ಬೊಚ್ಚು ಬಾಯಲ್ಲಿ ಹೇಳಬೇಕಾಯಿತು. ಬೆಲೆ ಎಷ್ಟೆಂದು ಇಲ್ಲಿ ಹೇಳುವುದಿಲ್ಲ, ಲಕ್ಷ್ಮಿಯ ಕಿವಿ ಚುರುಕು.

ಮನೆಗೆ ಹೋಗುವಷ್ಟು ತಾಳ್ಮೆ ಎಲ್ಲಿಯದು? ಅಲ್ಲಿಂದಲೇ ಮಾನ್ವಿಯ ಬಸ್ಸು ಹತ್ತಿದೆ. ಹುಸೇನ್‌ಬಿ ಬಳೆ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು, ಮುಂದೆ ಚಿಲುಮೆ. ನನ್ನನ್ನು ನೋಡಿ ಅವಳ ಮುಖ ಅರಳಿತು. ಅದನ್ನು ಗಮನಿಸದವಳಂತೆ ಕೂತು, ಪೈಪು ತೆಗೆದು ನೆಲದ ಮೇಲೆ ಇಟ್ಟೆ. ಅವಳು ಎತ್ತಿಕೊಂಡು ಮೂಸಿದಳು, ಉಗುರಿನಿಂದ ಬಡಿದಳು, ತಲೆಕೆಳಗು ಮಾಡಿ ಹರಳು ಹುಡುಕಿದಳು. ಒಲೆ ಊದುವ ಕೊಳವೆಯನ್ನು ಮುರಿದು ಮಾರಿದ್ದಾರೆ, ನೀನು ತಂದಿದ್ದೀ ಎಂದಳು. ನಾನು ಪೈಪನ್ನು ಅವಳ ಕೈಯಿಂದ ಎಳೆದುಕೊಂಡೆ. ತಂಬಾಕು ತುಂಬಿ, ಕಡ್ಡಿ ಗೀರಿ, ಎಳೆದೆ. ಹಲ್ಲು ನಿಂತಿತು, ಪೈಪು ನಿಂತಿತು, ಹೊಗೆ ಬಂತು. ಅವಳೂ ಹಟಕ್ಕೆ ಚಿಲುಮೆ ಹೊತ್ತಿಸಿದಳು. ಒಬ್ಬರಿಗೊಬ್ಬರು ಎದುರು ಬದುರು ಕೂತು ಸೇದಿದೆವು. ಸೇದಿದೆವು, ಅಷ್ಟೇ. ಒಂದು ಮಾತಿಲ್ಲ. ಮೊದಲು ಒಬ್ಬಳ ಬಾಯಲ್ಲಿ ಹೊಗೆ ಇದ್ದಾಗ ಇನ್ನೊಬ್ಬಳ ಬಾಯಲ್ಲಿ ಮಾತು ಇರುತ್ತಿತ್ತು. ಈಗ ಎರಡು ಬಾಯಿಯೂ ತುಂಬಿದ್ದವು. ಅವಳ ಸೊಸೆ ಬಾಗಿಲಿನಿಂದ ಇಣುಕಿ, ಜಗಳ ಆಯಿತೇ ಎಂದು ಕೇಳಿ ಹೋದಳು. ನನ್ನ ಹೊಟ್ಟೆಯಲ್ಲಿ ಅರಕೇರಾದ ಸುದ್ದಿ ಅಷ್ಟಿತ್ತು. ಯಾರ ಮಗಳು ಯಾರನ್ನು ಬೇಡವೆಂದಳು, ಪಾನ್ ಅಂಗಡಿಯವನು ಹೇಗೆ ಓಡಿದ, ಎಲ್ಲ. ಬಾಯಿ ತೆರೆದು ಹೇಳಲು ಹೊರಟರೆ ಪೈಪು ಆರಿಹೋಗುತ್ತಿತ್ತು. ಮತ್ತೆ ಕಡ್ಡಿ, ಮತ್ತೆ ಮಾತು, ಮತ್ತೆ ಆರುವುದು. ಕೊನೆಗೆ ಹುಸೇನ್‌ಬಿಯೇ ಚಿಲುಮೆ ಮೂಲೆಗಿಟ್ಟು ಕೈ ಚಾಚಿದಳು.

"ತಾ ಇಲ್ಲಿ. ನೀ ಮಾತಾಡು, ಅದನ್ನ ನಾ ನೋಡ್ಕೋತೀನಿ."

ಇದು ಮುಷ್ಟಿಯಲ್ಲಿ ಹಿಡಿಯುವುದಲ್ಲ, ಬಾಯಲ್ಲೇ ಇಡಬೇಕು, ಎಂಜಲಾಗಿದೆ ಎಂದೆ.

"ಇಷ್ಟು ವರ್ಷ ಮಾತಾಡಿ ಮಾತಾಡಿ ನನ್ನ ಮಾರಿ ತುಂಬ ಉಗುಳು ಸಿಡಿಸೀದಿ. ಇನ್ನ್ಯಾವ ಎಂಜಲು ಉಳದದಬೇ ನಿನ್ನ ಹತ್ರ?" ಎಂದು ಪೈಪನ್ನು ನನ್ನ ಬಾಯಿಂದಲೇ ಕಿತ್ತುಕೊಂಡಳು. ಸೆರಗಿನಿಂದ ಒಮ್ಮೆ ಒರೆಸಿದಳು, ಅದೂ ಹೆಸರಿಗೆ ಮಾತ್ರ. ಕಣ್ಣು ಮುಚ್ಚಿ ಒಂದು ದಮ್ಮು ಎಳೆದಳು, ಇನ್ನೊಂದು ಎಳೆದಳು. ನಾನು ಉಸಿರು ಹಿಡಿದು ಕಾದೆ. ಹಲ್ಲಿನ ಡಾಕ್ಟರ ಮುಂದೆಯೂ ಅಷ್ಟು ಹೆದರಿರಲಿಲ್ಲ. ಹೊಗೆ ಎಲ್ಲ ಹೊರಗೆ ಹೋದ ಮೇಲೆ ಒಂದು ಕಣ್ಣು ತೆರೆದಳು.

"ಛಲೋ ಆರಿಸೀದಿ," ಎಂದಳು.

ಆ ಮಾತಿಗೆ ನಾನು ಎಷ್ಟು ಉಬ್ಬಿದೆನೆಂದರೆ ಒಂದು ದಮ್ಮೂ ಕೊಡಬಾರದೆಂಬ ಆಣೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅರಕೇರಾದ ಸುದ್ದಿಯನ್ನು ಒಂದೂ ಬಿಡದೆ ಹೇಳಿದೆ. ರಾಯಚೂರಿನದನ್ನು ಎದ್ದು ನಿಂತು ನಟನೆ ಮಾಡಿ ತೋರಿಸಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು, ಆದರೆ ಪೈಪು ಬಾಯಿಂದ ತೆಗೆಯಲಿಲ್ಲ. ಹೇಳುವುದೆಲ್ಲ ಮುಗಿದ ಮೇಲೆ ಕೈ ಮುಂದೆ ಮಾಡಿದೆ. ತಡಿ ಎಂದು ಕೈ ಸನ್ನೆ ಮಾಡಿ ಇನ್ನೊಂದು ಎಳೆದಳು. ಇನ್ನೊಮ್ಮೆ ಕೈ ಮಾಡಿದೆ. ಅವಸರ ಯಾಕೆ, ಹೊಸ ಪೈಪನ್ನು ಮೊದಲು ಪಳಗಿಸಬೇಕಂತೆ, ಅದು ನನಗೆ ತಿಳಿಯದಂತೆ. ನಾನು ಆರಿಸಿದ, ನನ್ನ ಸ್ವಂತ, ಹೊಚ್ಚ ಹೊಸ ಪೈಪಿಗಾಗಿ ಮಾನ್ವಿಯ ಪಡಸಾಲೆಯಲ್ಲಿ ಕೈ ಚಾಚಿಕೊಂಡು ಸರದಿ ಕಾಯುತ್ತಾ ಕೂತೆ. ನನ್ನ ಸರದಿ ಬಂದಾಗ ಒಳಗೆ ಬರೀ ಬೂದಿ ಇತ್ತು.