ಹೊಸಿಲಲ್ಲಿ ಜಾರಿದ ದವಡೆ

ಮನುಷ್ಯನ ತಲೆಬುರುಡೆಯಲ್ಲಿ ಕಣ್ಣಿಗೆ ಕಾಣುವಂತೆ ಅಲ್ಲಾಡುವ ಮೂಳೆ ಒಂದೇ ಒಂದು. ಅದು ಕೆಳದವಡೆ. ಈ ಮಾತನ್ನು ನಾನು ಇಪ್ಪತ್ತನಾಲ್ಕು ವರ್ಷಗಳಿಂದ ಹೈದರಾಬಾದಿನ ಸರ್ಕಾರಿ ಜೂನಿಯರ್ ಕಾಲೇಜೊಂದರಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಬೋಧಿಸುತ್ತಾ ಬಂದಿದ್ದೇನೆ. ಮೀನಿನದಾಗಲಿ, ಮೊಸಳೆಯದಾಗಲಿ, ನನಗೆ ಗೊತ್ತಿಲ್ಲದ ದವಡೆ ಈ ಭೂಮಿಯ ಮೇಲಿಲ್ಲ ಎಂಬುದು ನನ್ನ ನಂಬಿಕೆ. ಆದ್ದರಿಂದ ನಾಚಾರಂನ ಹೊಸ ಫ್ಲಾಟಿನ ಗೃಹಪ್ರವೇಶದ ದಿನ ಹೊಸಿಲ ಮುಂದೆ ನಿಂತು ಹದಿನಾರು ಸಾಲಿನ ಒಡಪು ಹೇಳುತ್ತೇನೆ, ತೆರೆದ ಬಾಯಿ ಮುಚ್ಚದ ಹಾಗೆ ಮಾಡುತ್ತೇನೆ ಎಂದು ಶಪಥ ಮಾಡಿದೆ. ತೆರೆದ ಬಾಯಿ ಮುಚ್ಚಲಿಲ್ಲ, ನಿಜ. ಆದರೆ ಆ ಬಾಯಿ ನನ್ನದಾಗಿತ್ತು!

ಒಡಪಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಲಬುರಗಿ ಕಡೆಯವರಲ್ಲಿ ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವುದಿಲ್ಲ. ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಮದುವೆ, ತೊಟ್ಟಿಲು, ಗೃಹಪ್ರವೇಶ, ಯಾವುದೇ ಇರಲಿ, ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಹೆಸರು ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊರಗೆ. ನನ್ನ ಮದುವೆಯಲ್ಲಿ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುರುಪಿನಲ್ಲಿದ್ದೆ. "ಇದೆಲ್ಲ ಅವೈಜ್ಞಾನಿಕ" ಎಂದು ಅಡ್ಡ ಇದ್ದ ಕೈ ಸರಿಸಿ ಒಳಗೆ ನುಗ್ಗಿಬಿಟ್ಟಿದ್ದೆ.

ಹೆಂಡತಿ ಅದನ್ನು ಮರೆತಿರಲಿಲ್ಲ. ಗೃಹಪ್ರವೇಶಕ್ಕೆ ದಿನ ಗೊತ್ತಾದ ಸಂಜೆ ಚಹಾದ ಕಪ್ಪು ನನ್ನ ಮುಂದಿಟ್ಟು ಕೂತಳು.

"ಇಪ್ಪತ್ತೆರಡು ವರ್ಷದಿಂದ ನಾ ನಿಮ್ಮ ಬಾಯಾಗ 'ಏ ಇಲ್ನೋಡು' ಆಗೀನಿ. ಮಂದಿ ಮುಂದ 'ನಮ್ಮ ಮನಿಯಾಕಿ' ಆಗೀನಿ. ಈ ಸಲ ಹೊಸಿಲ ಮುಂದ ನನ್ನ ಹೆಸರು ಹೇಳ್ರಿ. ಇಲ್ಲಂದ್ರ ಹಾಲು ಉಕ್ಕಿಸಾಕ ನಾ ಒಳಗ ಬರಂಗಿಲ್ಲ."

ನಗುತ್ತಾ ಹೇಳಿದ ಮಾತಲ್ಲ ಅದು. ನನಗೂ ಸ್ವಲ್ಪ ಚುಚ್ಚಿತು.

"ಹೇಳ್ತೀನಿ! ಎರಡು ಸಾಲೇನು, ಹದಿನಾರು ಸಾಲು ಹೇಳ್ತೀನಿ, ನೋಡ್ತಿರು!" ಎಂದೆ.

"ಎರಡು ಸಾಕ್ರಿ."

"ಎರಡು ಸಾಲು ಎಲ್ಲಾರೂ ಹೇಳ್ತಾರ. ನಂದು ಸೃಷ್ಟಿಯ ಮೊದಲಿಂದ ಶುರು ಆಗ್ತೈತಿ. ಹಲ್ಲಿ ಜಾತಿಯ ಪ್ರಾಣಿಗಳ ದವಡಿಯೊಳಗಿದ್ದ ಎರಡು ಎಲುಬು ಸಣ್ಣಾಗಿ ಸಣ್ಣಾಗಿ ನಮ್ಮ ಕಿವಿಯೊಳಗ ಹೋಗಿ ಕೂತಾವ. ಅದಕ್ಕ ನಮಗ ಇಷ್ಟು ಚಂದ ಕೇಳಿಸ್ತೈತಿ, ಗೊತ್ತೇನು?"

"ನಿಮ್ಮವು ಇನ್ನೂ ದವಡಿಯೊಳಗ ಉಳಿದಾವ ಕಾಣತೈತಿ. ಗ್ಯಾಸ್ ಬುಕ್ ಮಾಡ್ರಿ ಅಂತ ಮೂರು ಸಲ ಹೇಳೀನಿ."

ಒಡಪು ಬರೆಯಲು ಎಂಟು ದಿನ ಹಿಡಿಯಿತು. ಬರೆದ ಹಾಳೆಯನ್ನು ಯಾರಿಗೂ ತೋರಿಸದೆ ಜೇಬಿನಲ್ಲಿಟ್ಟುಕೊಂಡೆ. ಆಮೇಲೆ ದನಿ ಗಟ್ಟಿಯಾಗಿ ಹೊರಡಲೆಂದು ಕನ್ನಡಿಯ ಮುಂದೆ ಬಾಯಿ ಅಗಲಿಸುವ ಸಾಧನೆ ಶುರುವಾಯಿತು. ಸಾಮಾನ್ಯ ಮನುಷ್ಯನ ಬಾಯಿ ಅವನದೇ ಮೂರು ಬೆರಳಿನಷ್ಟು ಅಗಲ ತೆರೆಯುತ್ತದೆ. ಸಾಮಾನ್ಯರ ಲೆಕ್ಕ ನನಗೇಕೆ? ನಾನು ನಾಲ್ಕು ಬೆರಳಿಗೆ ಪ್ರಯತ್ನ ಮಾಡಿದೆ.

ಡಿಗ್ರಿ ಓದುತ್ತಿರುವ ಮಗಳು ದೀಪಾಲಿ ಹಲ್ಲುಜ್ಜುತ್ತಾ ನಿಂತು ನೋಡಿದಳು. "ಅಪ್ಪಾ, ಹಾವಿನ ಕೆಳದವಡಿ ಎರಡು ತುಂಡು ಇರ್ತೈತಿ, ಅದಕ್ಕ ಅಷ್ಟು ಅಗಲ ತೆರಿತೈತಿ ಅಂತ ನೀವ ಕಲಿಸೀರಿ. ನಿಮ್ಮದು ಒಂದ ತುಂಡು. ಹುಷಾರು."

"ನನಗ ಪಾಠ ಹೇಳ್ತೀಯೇನು?" ಎಂದು ಗದರಿಸಿ ಕಳಿಸಿದೆ.

ಗೃಹಪ್ರವೇಶದ ಮುಹೂರ್ತ ಬೆಳಿಗ್ಗೆ ಒಂಬತ್ತು ಹನ್ನೆರಡರಿಂದ ಒಂಬತ್ತು ನಲವತ್ತೆಂಟರವರೆಗೆ. ನಾಲ್ಕನೇ ಮಹಡಿಯ ನಮ್ಮ ಬಾಗಿಲಿಗೆ ಮಾವಿನ ತೋರಣ ಕಟ್ಟಿತ್ತು, ಮುಂದೆ ರಂಗೋಲಿ ಬಿದ್ದಿತ್ತು. ಮೇಲಿನ ಮಹಡಿಯಲ್ಲಿ ಇನ್ನೂ ಗೋಡೆಗೆ ಗಿಲಾಯಿ ಮೆತ್ತುವ ಕೆಲಸ ನಡೆದಿದ್ದರಿಂದ ಮೆಟ್ಟಿಲೆಲ್ಲ ಸಿಮೆಂಟಿನ ಧೂಳು. ಬಾಗಿಲಲ್ಲಿ ನನ್ನ ಕಾಕು, ಎಂದರೆ ಚಿಕ್ಕಪ್ಪನ ಹೆಂಡತಿ ಗಂಗಾಬಾಯಿ, ಎಪ್ಪತ್ತೆಂಟು ವರ್ಷದ ಕೈಯನ್ನು ಚೌಕಟ್ಟಿಗೆ ಅಡ್ಡ ಹಿಡಿದು ನಿಂತಿದ್ದಳು. ಇದಕ್ಕಾಗಿಯೇ ಕಲಬುರಗಿಯಿಂದ ಹಿಂದಿನ ದಿನದ ರೈಲಿಗೆ ಬಂದಿದ್ದಳು.

"ದತ್ತೂ, ಮದುವ್ಯಾಗ ತಪ್ಪಿಸ್ಕೊಂಡು ಓಡಿದಿ. ಇವತ್ತ ನಾ ಬಿಡಂಗಿಲ್ಲ. ಹೇಳು ಹೆಸರು!"

ಹೆಂಡತಿ ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ನನ್ನ ಪಕ್ಕ ನಿಂತಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ದೀಪಾಲಿ ನನ್ನ ಫೋನಿನಲ್ಲಿ ವಿಡಿಯೋ ಹಿಡಿದಿದ್ದಳು. ನಾನು "ಎರಡು ನಿಮಿಷ" ಎಂದು ಬೆರಳು ತೋರಿಸಿ ಮೆಟ್ಟಿಲ ತಿರುವಿಗೆ ಹೋದೆ. ಗಂಟಲು ಸಡಿಲ ಮಾಡಿಕೊಳ್ಳಲು ಕೊನೆಯ ಸಾಧನೆ. ಬಾಯಿ ತೆರೆದೆ. ಮೂರು ಬೆರಳು. ಇನ್ನೊಂದಿಷ್ಟು. ನಾಲ್ಕು!

ಕಟಕ್.

ಮುಚ್ಚಲು ಹೋದೆ. ಬಾಯಿ ಮುಚ್ಚಲಿಲ್ಲ. ಕೈಯಿಂದ ಗದ್ದ ಮೇಲಕ್ಕೆ ಒತ್ತಿದೆ. ನೋವಿನಿಂದ ಕಣ್ಣಲ್ಲಿ ನೀರು ಬಂತು, ಗದ್ದ ಮಾತ್ರ ಬರಲಿಲ್ಲ.

ಏನಾಗಿದೆ ಎಂಬುದು ನನಗೆ ಆ ಕ್ಷಣವೇ ಗೊತ್ತಾಯಿತು. ಕಿವಿಯ ಮುಂದಿನ ಕೀಲಿನಲ್ಲಿ ದವಡೆಯ ತುದಿಯ ಗುಂಡು ತನ್ನ ಗುಳಿಯಿಂದ ಜಾರಿ, ಎದುರಿನ ಸಣ್ಣ ದಿಬ್ಬ ದಾಟಿ ಆಚೆ ಸಿಕ್ಕಿಕೊಂಡಿದೆ. ಅಗಿಯುವ ಸ್ನಾಯುಗಳು ಬಿಗಿಹಿಡಿದು ಅದನ್ನು ವಾಪಸು ಬಿಡುತ್ತಿಲ್ಲ. ಪರಿಹಾರವೂ ಗೊತ್ತಿತ್ತು. ದವಡೆಯನ್ನು ಕೆಳಕ್ಕೊತ್ತಿ ಹಿಂದಕ್ಕೆ ತಳ್ಳಬೇಕು. ಆ ಇಡೀ ಕಟ್ಟಡದಲ್ಲಿ ಇಷ್ಟು ವಿವರವಾಗಿ ತಿಳಿದವನು ನಾನೊಬ್ಬನೇ. ಹೇಳಲು ಆಗದವನೂ ನಾನೊಬ್ಬನೇ!

ತೆರೆದ ಬಾಯಿಯಲ್ಲೇ ಬಾಗಿಲಿಗೆ ಬಂದೆ. "ಆಆಆ…" ಎಂದೆ.

"ಆಲಾಪ ಶುರು ಮಾಡ್ಯಾರ!" ಎಂದು ಯಾರೋ ಚಪ್ಪಾಳೆ ತಟ್ಟಿದರು. ನನ್ನ ಆಲಾಪ ಮುಂದುವರಿಯಿತು. ಜೊಲ್ಲು ಸುರಿದು ಜರಿ ಪಂಚೆಯ ಮೇಲೆ ಬಿತ್ತು. ಆಗ ಚಪ್ಪಾಳೆ ನಿಂತಿತು.

"ರೀ, ಏನಾತ್ರಿ?" ಹೆಂಡತಿಯ ಮುಖ ಬಿಳಿಚಿಕೊಂಡಿತು.

"ಲಕ್ವಾ ಹೊಡದೈತಿ!" ಎಂದರು ಪುರೋಹಿತರು.

"ದೃಷ್ಟಿ! ಫ್ಲಾಟು ನೋಡಾಕ ಬಂದವರ ಕಣ್ಣು ಕಿಸುರು!" ಎಂದು ಕಾಕು ಅಳತೊಡಗಿದಳು. ಆದರೆ ಬಾಗಿಲಿಗೆ ಅಡ್ಡವಾಗಿದ್ದ ಕೈ ಮಾತ್ರ ತೆಗೆಯಲಿಲ್ಲ. ಯಾರೋ ಉಳ್ಳಾಗಡ್ಡಿ ಕೊಯ್ದು ಮೂಗಿಗೆ ಹಿಡಿದರು. ಇನ್ಯಾರೋ ಬೆನ್ನಿಗೆ ಗುದ್ದಿದರು.

ನನ್ನ ಜೇಬಿನಲ್ಲಿ ಸೀಮೆಸುಣ್ಣ ಇತ್ತು. ಮೇಷ್ಟ್ರ ಜೇಬಿನಲ್ಲಿ ಅದು ಯಾವಾಗಲೂ ಇರುತ್ತದೆ. "ದವಡೆ ಜಾರಿದೆ" ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತನಾಲ್ಕು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದ ಕೈ ಸುಮ್ಮನಿರಬೇಕಲ್ಲ! ಕುಕ್ಕರಗಾಲಲ್ಲಿ ಕೂತು, ರಂಗೋಲಿಯ ಪಕ್ಕದ ಟೈಲ್ಸಿನ ಮೇಲೆ ಒಂದು ತಲೆಬುರುಡೆ ಬರೆದೆ. ಕಣ್ಣಿನ ಗುಳಿ, ಮೂಗಿನ ತೂತು, ಎರಡು ಸಾಲು ಹಲ್ಲು, ಎಲ್ಲ ಅಚ್ಚುಕಟ್ಟು. ದವಡೆಯ ಕೀಲಿಗೆ ಬಾಣದ ಗುರುತನ್ನೂ ಹಾಕಿದೆ.

ಕಾಕು ಕಿಟಾರನೆ ಕಿರುಚಿದಳು. "ಅಯ್ಯಯ್ಯೋ! ಹೊಸ ಮನಿ ಹೊಸಿಲಾಗ ಬುರುಡಿ ಬರದಾನ! ಅಳಸ್ರೀ ಅದನ್ನ!"

ಪುರೋಹಿತರು ಎರಡು ಹೆಜ್ಜೆ ಹಿಂದೆ ಸರಿದು ಗಡಿಯಾರ ನೋಡಿದರು. "ಒಂಬತ್ತು ಇಪ್ಪತ್ತೆಂಟು" ಎಂದರು.

ಅಷ್ಟರಲ್ಲಿ ಮೇಲಿನ ಮಹಡಿಯಿಂದ ಖಾಲಿ ಬುಟ್ಟಿ ಹಿಡಿದು ಬಂಡೆಮ್ಮ ಇಳಿದು ಬಂದಳು. ಸೇಡಂ ಕಡೆಯವಳು. ಗಂಡ ಸೂಗಪ್ಪನ ಜೊತೆ ಆ ಕಟ್ಟಡದಲ್ಲೇ ಗಿಲಾಯಿ ಕೆಲಸಕ್ಕಿದ್ದಳು. ನನ್ನನ್ನು ನೋಡಿ ನಿಂತಳು. ನೆಲದ ಮೇಲಿನ ಬುರುಡೆ ನೋಡಿದಳು. ಬಾಣದ ಗುರುತನ್ನೂ ನೋಡಿದಳು. ನನ್ನ ಚಿತ್ರ ಅರ್ಥವಾದದ್ದು ಅವಳೊಬ್ಬಳಿಗೆ.

"ಏನೂ ಆಗಿಲ್ರಿ ಅಮ್ಮಾರ. ಸಾಹೇಬರ ಗದ್ದ ಜಾರೈತಿ."

"ನಿನಗ ಹೆಂಗ ಗೊತ್ತವಾ?" ಎಂದಳು ನನ್ನ ಹೆಂಡತಿ.

"ನನಗ ಎರಡು ಸಲ ಆಗೈತ್ರಿ. ಆಕಳಿಸಿದ್ರ ಸಾಕು, ಜಾರತೈತಿ. ಮೊದಲ ಸಲ ಕೋಠಿ ದವಾಖಾನಿಗೆ ಓಡಿದ್ವಿ. ಅಲ್ಲಿ ಡಾಕ್ಟರ್ ಕೂಡಿಸಿ, ಹೆಂಗ ಕೂಡಸ್ಬೇಕು ಅಂತ ನನ್ನ ಗಂಡಗ ತೋರಿಸಿಕೊಟ್ರು. ಎರಡನೇ ಸಲ ಅವನ ಕೂಡಿಸಿದ. ಮೊನ್ನಿ ಅವನ ತಂಗಿಗಿ ಆದಾಗ ನಾ ಕೂಡಿಸೀನಿ."

"ಇಕಿ ಸಿಮೆಂಟಿನ ಕೈ!" ಎಂದು ಕಾಕು ಗೊಣಗಿದಳು.

"ಕೈ ತೊಳಿಯಾಕ ನೀರು ಕೊಡ್ರಿ, ತೊಳಕೋತೀನಿ" ಎಂದಳು ಬಂಡೆಮ್ಮ.

ಹೆಂಡತಿ ಹಿಂದೆ ಮುಂದೆ ನೋಡಲಿಲ್ಲ. ಸೊಂಟದ ಮೇಲಿನ ಪೂಜೆಯ ಕೊಡವನ್ನೇ ಬಗ್ಗಿಸಿದಳು. "ಕಲಶದ ನೀರು!" ಎಂದು ಪುರೋಹಿತರು ಕೈ ಎತ್ತುವುದರೊಳಗೆ ಬಂಡೆಮ್ಮನ ಕೈ ಎರಡು ಸಲ ತಿಕ್ಕಿ ತೊಳೆದಾಗಿತ್ತು. ಪುರೋಹಿತರಿಗೆ ಕೊಡಲೆಂದು ತಟ್ಟೆಯಲ್ಲಿಟ್ಟಿದ್ದ ಹೊಸ ಟವೆಲ್ಲನ್ನು ಎರಡು ತುಂಡು ಹರಿದು ಅವಳು ಹೆಬ್ಬೆರಳುಗಳಿಗೆ ದಪ್ಪಗೆ ಸುತ್ತಿಕೊಂಡಳು.

"ಬಟ್ಟಿ ಯಾಕ?" ಎಂದಳು ದೀಪಾಲಿ. ವಿಡಿಯೋ ಇನ್ನೂ ನಡೆದಿತ್ತು.

"ಕೂಡಿದ ಕೂಡಲೇ ಬಾಯಿ ಪಟ್ಟನ ಮುಚ್ಚತೈತ್ರಿ. ಬೆರಳು ಹೋಗ್ತಾವ."

ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ತಲೆಯನ್ನು ಗೋಡೆಗೆ ಆನಿಸಿದಳು. ಹೆಂಡತಿ ನನ್ನ ಕೈ ಹಿಡಿದುಕೊಂಡಳು. ಬಂಡೆಮ್ಮ ಹಿಂದಿನ ಹಲ್ಲುಗಳ ಮೇಲೆ ಹೆಬ್ಬೆರಳು ಊರಿ ಕೆಳಕ್ಕೆ ಅದುಮಿದಳು. "ಮೈ ಸಡ್ಲ ಬಿಡ್ರಿ ಸಾಹೇಬ್ರ… ಇನ್ನೂ ಬಿಡ್ರಿ…" ಎನ್ನುತ್ತಾ ಹಿಂದಕ್ಕೆ ತಳ್ಳಿದಳು. ಟಕ್! ಬಾಯಿ ಮುಚ್ಚಿತು. ಹರಿದ ಟವೆಲ್ಲಿನ ತುಂಡೊಂದು ನನ್ನ ಹಲ್ಲುಗಳ ನಡುವೆ ಉಳಿಯಿತು.

ನಾನು ಥ್ಯಾಂಕ್ಸ್ ಹೇಳಲು ಬಾಯಿ ತೆರೆಯಹೋದೆ. ಬಂಡೆಮ್ಮ ಗದ್ದ ಒತ್ತಿ ಹಿಡಿದಳು.

"ತೆರಿಬ್ಯಾಡ್ರಿ! ಮತ್ತ ಜಾರತೈತಿ. ಎರಡು ದಿನ ಮಾತು ಬಂದ್. ನಾಳಿಗಿ ಕೋಠಿಗೆ ಹೋಗಿ ಡಾಕ್ಟರಿಗಿ ತೋರಿಸಿ ಬರ್ರಿ." ಹೀಗೆ ಹೇಳಿದವಳು ಪುರೋಹಿತರ ತಟ್ಟೆಯಿಂದ ಹೆಗಲಿಗೆ ಹೊದೆಯುವ ಉಪರಣೆಯನ್ನೂ ಎತ್ತಿಕೊಂಡು ನನ್ನ ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಬಿಗಿಯಾಗಿ ಗಂಟು ಹಾಕಿದಳು.

ಅದನ್ನು ನೋಡಿ ಕಾಕು ಮತ್ತೆ ಕಿರುಚಿದಳು. "ಹೆಣಕ್ಕ ಕಟ್ಟೋ ಕಟ್ಟು! ಮೊದಲ ಬುರುಡಿ ಬರದ, ಈಗ ತಾನ ಹೆಣ ಆಗಿ ಕೂತಾನ!"

"ಒಂಬತ್ತು ಮೂವತ್ತೊಂಬತ್ತು" ಎಂದರು ಪುರೋಹಿತರು. ತಟ್ಟೆಯಲ್ಲಿ ಅವರ ಪಾಲಿಗೆ ಈಗ ಎಲೆ ಅಡಿಕೆ ಮಾತ್ರ ಉಳಿದಿತ್ತು.

ಎಲ್ಲರೂ ಮತ್ತೆ ಬಾಗಿಲಿಗೆ ಬಂದೆವು. ಕಾಕುವಿನ ಕೈ ಅಡ್ಡವೇ ಇತ್ತು. "ಹೆಸರಿಲ್ಲದ ಒಳಗ ಬಿಡಂಗಿಲ್ಲ. ಒಮ್ಮೆ ಬಿಟ್ಟು ನೋಡೀನಿ" ಎಂದಳು. ಹೆಂಡತಿ ಖಾಲಿ ಕೊಡ ಹಿಡಿದು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಆಗ ನನಗೆ ಹೊಳೆಯಿತು. ನಾನು ಹೇಳಲಾಗದಿದ್ದರೇನು, ಬರೆದದ್ದು ಇದೆಯಲ್ಲ! ಜೇಬಿನಿಂದ ಹಾಳೆ ತೆಗೆದು, ಎದೆ ಮುಂದೆ ಮಾಡಿ, ಓದು ಎಂದು ದೀಪಾಲಿಗೆ ಕೊಟ್ಟೆ. ಬಂಡೆಮ್ಮನೂ ಬುಟ್ಟಿ ಕೆಳಗಿಟ್ಟು ಕೇಳಲು ನಿಂತಳು. ದೀಪಾಲಿ ಗಟ್ಟಿಯಾಗಿ ಶುರು ಮಾಡಿದಳು:

"ಕೋಟಿ ಕೋಟಿ ವರುಷದ ಹಿಂದೆ ಮೀನಿಗೆ ಮೂಡಿತು ದವಡೆ,
ಇಲ್ಲದಿದ್ದರೆ ಮನುಜನು ಹೇಗೆ ತಿನ್ನುತ್ತಿದ್ದನು ವಡೆ!
ಮೊಸಳೆಗೆ ಕಚ್ಚಲು ಬಲವುಂಟು, ಬಾಯ್ತೆರೆಯಲು ಬಲ ಸಾಲದು,
ಮನುಜನೊಬ್ಬಗೆ ಗದ್ದವುಂಟು, ಮಂಗನಿಗದು ಮೂಡದು…"

ಕಾಕುವಿಗೆ ಏನೂ ತಿಳಿಯಲಿಲ್ಲ. ಆದರೂ ಪ್ರಾಸ ಬಂದಾಗಲೆಲ್ಲ ತಲೆದೂಗಿದಳು. ನಾನು ಉಪರಣೆಯ ಗಂಟಿನ ಕೆಳಗೆ ಹೆಮ್ಮೆಯಿಂದ ಮುಗುಳ್ನಗಲು ನೋಡಿದೆ. ಆಗಲಿಲ್ಲ. ಬೇಯಿಸಿದ ಅಡುಗೆಯಿಂದ ದವಡೆ ಚಿಕ್ಕದಾದದ್ದು, ಬುದ್ಧಿಹಲ್ಲಿಗೆ ಜಾಗ ಸಾಲದೆ ಹೋದದ್ದು, ಎಲ್ಲ ಒಂದೊಂದಾಗಿ ಬಂದು ಹೋದವು. ಕೊನೆಯ ಎರಡು ಸಾಲು ಬಂತು:

"ಇಂಥ ದವಡೆಯ ಪಾಠವ ಇಪ್ಪತ್ತನಾಲ್ಕು ವರುಷ ಹೇಳಿದವ,
ನಾಚಾರಂ ಮನೆಯ ಹೊಸಿಲಲಿ ನಿಂತ ದತ್ತಾತ್ರೇಯನೇ ಇವ!"

ದೀಪಾಲಿ ನಿಲ್ಲಿಸಿದಳು. ಹಾಳೆ ತಿರುಗಿಸಿದಳು. ಹಿಂದೆ ಏನೂ ಇರಲಿಲ್ಲ.

"ಅಪ್ಪಾ… ಅವ್ವನ ಹೆಸರು?"

ಹಾಳೆ ಕಸಿದುಕೊಂಡು ಮೇಲಿಂದ ಕೆಳಗೆ ನೋಡಿದೆ. ಇರಲಿಲ್ಲ. ಎಂಟು ದಿನ ಬರೆದು, ಹೊಡೆದು ಹಾಕಿ, ತಿದ್ದಿ, ಪ್ರಾಸಕ್ಕೆ ಪ್ರಾಸ ಕೂಡಿಸಿ, ಯಾವುದಕ್ಕಾಗಿ ಬರೆಯಲು ಕೂತಿದ್ದೆನೋ ಅದನ್ನೇ ಬಿಟ್ಟಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹೆಂಡತಿ ಕೊಡವನ್ನು ಕೆಳಗಿಟ್ಟಳು. "ಹದಿನಾರು ಸಾಲಿನಾಗ ಮೀನಿಗೆ ಜಾಗ ಸಿಕ್ಕೈತಿ, ಮೊಸಳಿಗೆ ಸಿಕ್ಕೈತಿ, ಮಂಗ್ಯಾಗೂ ಸಿಕ್ಕೈತಿ. ನನಗ ಸಿಗಲಿಲ್ಲ ನೋಡ್ರಿ" ಎಂದಳು. ದನಿ ಏರಿಸಲಿಲ್ಲ. ಕಣ್ಣು ಮಾತ್ರ ತುಂಬಿದ್ದವು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

"ಒಂಬತ್ತು ನಲವತ್ತಾರು" ಎಂದರು ಪುರೋಹಿತರು, ಮೆಲ್ಲಗೆ.

ನಾನು ಕೂತೆ. ಪಂಚೆಯ ತುದಿಯಿಂದ ಬುರುಡೆಯನ್ನು ಉಜ್ಜಿ ಅಳಿಸಿದೆ. ಅದೇ ಜಾಗದಲ್ಲಿ, ಬೋರ್ಡಿನ ಮೇಲೆ ಬರೆಯುವಷ್ಟು ದೊಡ್ಡದಾಗಿ, ಮೂರು ಅಕ್ಷರ ಬರೆದೆ. ಪ್ರಾಸವಿಲ್ಲ, ಬಾಣದ ಗುರುತಿಲ್ಲ.

ಕಾಕು ಬಗ್ಗಿ, ಕಣ್ಣು ಕಿರಿದು ಮಾಡಿ, ಒಂದೊಂದೇ ಕೂಡಿಸಿ ಓದಿದಳು. "ಶಾ… ಮ… ಲಾ." ಆಮೇಲೆ ನೆಟ್ಟಗಾಗಿ ಚೌಕಟ್ಟಿನ ಮೇಲಿಂದ ಕೈ ತೆಗೆದಳು.

ಶಾಮಲಾ ಆ ಅಕ್ಷರಗಳನ್ನು ಒಂದು ನಿಮಿಷ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ತುಳಿಯದಂತೆ ಅವುಗಳನ್ನು ದಾಟಿ, ಬಲಗಾಲು ಒಳಗಿಟ್ಟಳು. ಇಟ್ಟವಳು ತಿರುಗಿ ನನ್ನ ಕಟ್ಟಿದ ಗದ್ದ ನೋಡಿ ಹೇಳಿದಳು:

"ಇಷ್ಟ ಹೇಳಾಕ ಅಷ್ಟು ದೊಡ್ಡ ಬಾಯಿ ಯಾಕ ಬೇಕಾಗಿತ್ರಿ?"